ಹಿಂದೆ ಸರಿಯದ ಗಾಡಿ

ಹುಬ್ಬಳ್ಳಿಯಿಂದ ಅಬ್ದುಲಗನಿ ಮಿಸ್ತ್ರಿ ಫೋನಿನಲ್ಲಿ ಹೇಳಿದ್ದು ಎರಡೇ ಮಾತು. "ರಿವರ್ಸ್ ಗೇರಿಗೆ ಒಂದು ಖೂಬಿ, ಒಂದು ಗುಟ್ಟು ಐತ್ರಿ ಸರ, ಬಾಯಿಲೆ ಹೇಳಿದ್ರ ತಿಳಿಯೂದಿಲ್ಲ, ಮಂಗಳವಾರ ಬಂದು ತೋರಿಸ್ತೇನಿ. ಅಲ್ಲೀತನಕ ಗಾಡಿ ಹೊರಗ ತಗೀಬ್ಯಾಡ್ರಿ." ಇದರಲ್ಲಿ ಎರಡನೆಯ ಮಾತನ್ನು ಗುರುಪಾದ ಪಾಲಿಸಿದ್ದರೆ ಆ ಭಾನುವಾರವೂ ಉಳಿದೆಲ್ಲ ಭಾನುವಾರಗಳಂತೆ ಊಟ, ನಿದ್ದೆ, ಚಹಾದಲ್ಲಿ ಮುಗಿದುಹೋಗುತ್ತಿತ್ತು.

ಆದರೆ ಪಾಲಿಸುವುದಾದರೂ ಹೇಗೆ? ಮೂರು ವರ್ಷ ಕಾದಿದ್ದ ಮನುಷ್ಯನಿಗೆ ಇನ್ನೆರಡು ದಿನ ಕಾಯುವುದೇ ಕಷ್ಟ.

ಗುರುಪಾದ ಧಾರವಾಡದ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಸಹಾಯಕ. ಲೋಲಕ, ಮಸೂರ, ತೂಕದ ಕಲ್ಲುಗಳನ್ನು ಇಪ್ಪತ್ತೈದು ವರ್ಷ ಒರೆಸಿ, ಜೋಡಿಸಿ ಇಟ್ಟ ಕೈ ಅವನದು. ಮೂರು ವರ್ಷದ ಹಿಂದೆ ಹೆಬ್ಬಳ್ಳಿಯ ಜಮೀನ್ದಾರರೊಬ್ಬರ ದನದ ಕೊಟ್ಟಿಗೆಯಲ್ಲಿ ಅವನಿಗೆ ಈ ಫಿಯಟ್ ಸಿಕ್ಕಿತ್ತು. ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಹಿಡಿ ಇರುವ, ಅರವತ್ತು ವರ್ಷ ದಾಟಿದ ಗಾಡಿ. ಬಾನೆಟ್ಟಿನ ಮೇಲೆ ಮೆಣಸಿನಕಾಯಿ ಒಣಗುತ್ತಿದ್ದವು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತು, ಯಾರಿವನು ಎಂಬಂತೆ ನೋಡಿತ್ತು. ಗಾಡಿಯನ್ನು ಲಾರಿಯ ಮೇಲೆ ಹೇರಿಸಿ ಸಪ್ತಾಪುರದ ತನ್ನ ಅಂಗಳಕ್ಕೆ ತಂದಾಗ ಎದುರುಮನೆಯ ಶೇವಂತೆವ್ವ, "ಕೋಳಿಗೂಡಿಗೆ ಗಾಲಿ ಯಾಕ ಹಚ್ಚಿಸೀರಿ?" ಎಂದು ಕೇಳಿದ್ದಳು.

ಅದೇ ಗಾಡಿಯನ್ನು ಈಗ ನೋಡಬೇಕಿತ್ತು. ತುಕ್ಕನ್ನು ಉಗುರಗಲ ಉಗುರಗಲವಾಗಿ ಉಜ್ಜಿ ತೆಗೆದಿದ್ದ. ಸೀಟಿನ ಹೊಲಿಗೆಯನ್ನು ತಾನೇ ಕಲಿತು, ಹರಿದು, ಮತ್ತೆ ಹೊಲಿದಿದ್ದ. ದೀಪದ ಸುತ್ತಲಿನ ಬಳೆಗಾಗಿ ಗುಜರಿ ಅಂಗಡಿಗಳನ್ನು ಎಷ್ಟು ಸಲ ಸುತ್ತಿದ್ದನೆಂದರೆ ಅಂಗಡಿಯವರು ಅವನಿಗೆಂದು ಕುರ್ಚಿ ಹಾಕತೊಡಗಿದ್ದರು. ಮೈಗೆ ಕೆನೆಯ ಬಣ್ಣ, ಚಾವಣಿಗೆ ತಿಳಿನೀಲಿ. ಬಾಗಿಲು ಮುಚ್ಚಿದರೆ ಹಳೆಯ ಬೀರು ಮುಚ್ಚಿದಂಥ ತುಂಬಿದ ಸದ್ದು. ಎಂಜಿನ್ನು ಮತ್ತು ಗೇರು ಮಾತ್ರ ಅಬ್ದುಲಗನಿಯ ಕೈಚಳಕ. ಶುಕ್ರವಾರ ಅವನೇ ಒಂದು ಸುತ್ತು ಓಡಿಸಿ, ಗೇಟಿಗೆ ಮುಖ ಮಾಡಿ ನಿಲ್ಲಿಸಿ ಹೋಗಿದ್ದ.

ಇಷ್ಟೆಲ್ಲ ಮಾಡಿದ್ದು ಒಂದೇ ಆಸೆಗೆ. ಬೇಸಿಗೆಯ ಸಂಜೆ, ಬಿಸಿಲು ಇಳಿದು ಗಾಳಿ ಎದ್ದಾಗ, ನಾಲ್ಕೂ ಗಾಜು ಇಳಿಸಿ, ಮುಂದಿನ ತ್ರಿಕೋನದ ಪುಟ್ಟ ಗಾಜನ್ನು ಕೊರಳಿಗೆ ಗಾಳಿ ಬೀಳುವಂತೆ ತಿರುಗಿಸಿ, ಹೆಂಡತಿ ಮಂದಾಕಿನಿಯನ್ನು ಕೂರಿಸಿಕೊಂಡು ಕೆಲಗೇರಿ ಕೆರೆಯ ತನಕ ನಿಧಾನಕ್ಕೆ ಹೋಗಿ ಬರಬೇಕು. ಮೂರು ವರ್ಷ ಅಂಗಳದಲ್ಲಿ ಬಟ್ಟೆ ಒಣಹಾಕಲು ಜಾಗವಿಲ್ಲದಿದ್ದರೂ ಒಂದು ಮಾತು ಆಡದ ಹೆಂಡತಿಗೆ ಅಷ್ಟಾದರೂ ಮಾಡಬೇಕೆಂದು ಅವನು ನಿಶ್ಚಯಿಸಿದ್ದ.

ಫೋನು ಇಡುವ ಹೊತ್ತಿಗೆ ಪಕ್ಕದ ಮನೆಯ ದ್ಯಾಮಣ್ಣ ಕಾಕಾ ಗೇಟಿನಲ್ಲಿ ನಿಂತಿದ್ದರು. ನಿವೃತ್ತ ಹೆಡ್‌ಮಾಸ್ತರರು. ಜೀವನದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸಿದವರಲ್ಲ, ಆದರೆ ಓಡಿಸುವವರಿಗೆ ಸಲಹೆ ಕೊಡದೆ ಬಿಟ್ಟವರೂ ಅಲ್ಲ.

"ಮಿಸ್ತ್ರಿ ಏನಂದ?"

"ರಿವರ್ಸ್ ಬೀಳವಲ್ದು ಕಾಕಾ. ಮಂಗಳವಾರದ ತನಕ ತಡೀರಿ ಅಂದ."

"ಗಾಡಿ ಮಾರಿ ಯಾ ಕಡೆ ಐತಿ?"

"ಗೇಟಿನ ಕಡೆ."

"ಕೆಲಗೇರಿ ಕೆರಿ ಯಾ ಕಡೆ ಐತಿ?"

"ಅದೂ ಮುಂದ ಐತ್ರಿ."

"ಮತ್ತ ಹಿಂದ ಏನ ಕೆಲಸ ಐತಿ ನಿನಗ? ಕೆರಿ ಹತ್ರ ದೊಡ್ಡ ಬಯಲೈತಿ. ಅಲ್ಲೊಂದು ಸುತ್ತು ಹೊಡದ್ರ ಗಾಡಿ ತಾನ ಮನಿ ಕಡೆ ಮಾರಿ ಮಾಡ್ತೈತಿ. ಮೂವತ್ತೈದು ವರ್ಷ ಭೂಗೋಳ ಕಲಿಸೇನಿ ತಮ್ಮಾ."

ಭೂಗೋಳದ ಎದುರು ಭೌತಶಾಸ್ತ್ರ ಸೋತಿತು. ಚಹಾ ತಂದ ಮಂದಾಕಿನಿ ಈ ಮಾತು ಕೇಳಿಸಿಕೊಂಡು, "ರಿವರ್ಸಾ? ಅದಕ್ಕ ಹಿಡಿ ಒಂಚೂರು..." ಎಂದು ಶುರು ಮಾಡುವಷ್ಟರಲ್ಲಿ ಕಾಕಾ, "ನೀ ಲಗೂ ಸೀರಿ ಬದಲಿ ಮಾಡ್ಕೊಂಡ್ ಬಾ ಯವ್ವಾ, ಬಿಸಲು ಇಳಿಯಾಕತ್ತೈತಿ," ಎಂದು ಒಳಗೆ ಕಳಿಸಿದರು. ಆಮೇಲೆ ತಾವು ಮುಂದಿನ ಸೀಟಿನಲ್ಲಿ ಕುಳಿತರು. "ಬರೇ ಕುಂತು ನೋಡ್ತೇನಿ" ಎಂದು ಹಿಂದಿನ ಸೀಟು ಹತ್ತಿದ ಶೇವಂತೆವ್ವ ಆ ಮೆತ್ತನೆಯ ಹೊಲಿಗೆಯ ಮೇಲೆ ಒಮ್ಮೆ ಕೈಯಾಡಿಸಿದಳು, ಮತ್ತೆ ಇಳಿಯಲಿಲ್ಲ. ಸೀರೆ ಬದಲಿಸಿ ಬಂದ ಮಂದಾಕಿನಿ ಅವಳ ಪಕ್ಕದಲ್ಲಿ ಕೂತಳು. ಹೆಂಡತಿಯೊಬ್ಬಳೇ ಜೊತೆಯಲ್ಲಿರಬೇಕೆಂಬ ಗುರುಪಾದನ ಆಸೆ ಗೇಟು ದಾಟುವ ಮೊದಲೇ ಮುಕ್ಕಾಗಿತ್ತು.

ಆದರೆ ಗೇಟು ದಾಟಿದ ಮೇಲೆ ಅವನಿಗೆ ಅದ್ಯಾವುದೂ ನೆನಪಿರಲಿಲ್ಲ. ಗಾಡಿ ಓಡುತ್ತಿತ್ತು. ಬೆಕ್ಕು ಮಡಿಲಲ್ಲಿ ಮಲಗಿ ಗುರುಗುಟ್ಟುವಂತೆ ಎಂಜಿನ್ನು ಹದವಾಗಿ ಗುನುಗುತ್ತಿತ್ತು. ಕಾಲೇಜು ಹುಡುಗಿಯರು ಸ್ಕೂಟರ್ ನಿಧಾನ ಮಾಡಿ ಫೋಟೋ ತೆಗೆದರು. ಪೇಢೆ ಅಂಗಡಿಯವನು ತಕ್ಕಡಿ ಕೈಯಲ್ಲಿ ಹಿಡಿದೇ ಹೊರಗೆ ಬಂದ. ಚೌಕದ ಪೊಲೀಸನೊಬ್ಬ ಒಳಗೆ ಯಾರೋ ದೊಡ್ಡವರಿರಬೇಕೆಂದು ಸೆಲ್ಯೂಟ್ ಹೊಡೆದ. ಕಾಕಾ ಅದನ್ನು ಗಂಭೀರವಾಗಿ ಸ್ವೀಕರಿಸಿದರು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ದೊಡ್ಡ ಹೊಸ ಕಾರಿನವನು ತಂಪಾದ ಗಾಜು ಇಳಿಸಿ, "ಗಾಡಿ ಯಾರದ್ರಿ?" ಎಂದು ಕೇಳಿದ.

"ನಂದ್ರಿ," ಎಂದ ಗುರುಪಾದ. ಆ ಒಂದು ಶಬ್ದ ಹೇಳಲಿಕ್ಕೆ ಮೂರು ವರ್ಷ ಹಿಡಿದಿತ್ತು.

ತೊಂದರೆ ಎದುರಾದದ್ದು ಕೆಲಗೇರಿಯ ಇಕ್ಕಟ್ಟಿನ ಓಣಿಯಲ್ಲಿ. ಎದುರಿನಿಂದ ಜೋಳದ ಕಣಿಕೆ ಹೇರಿದ ಟ್ರ್ಯಾಕ್ಟರ್ ಬಂತು. ಎರಡರಲ್ಲಿ ಒಂದು ಹಿಂದೆ ಸರಿಯಲೇಬೇಕು. ಟ್ರ್ಯಾಕ್ಟರ್ ಓಡಿಸುತ್ತಿದ್ದ ದುರ್ಗೇಶನೆಂಬವನು ಮೇಲಿಂದಲೇ ಕೈಬೀಸಿ, "ಅಣ್ಣಾರ, ಸಣ್ಣ ಗಾಡಿ ನಿಮ್ಮದು, ಸ್ವಲ್ಪ ಹಿಂದ ತಗೋರಿ," ಎಂದ.

ಮಂದಾಕಿನಿ ಮುಂದಕ್ಕೆ ಬಾಗಿ, "ಏನ್ರಿ, ಆ ಹಿಡಿನ್ನ ನೀವು..." ಎನ್ನುವಷ್ಟರಲ್ಲಿ ಕಾಕಾ ತಲೆ ಹೊರಗೆ ಹಾಕಿದ್ದರು.

"ಈ ಗಾಡಿ ಹಿಂದ ಸರಿಯೂದಿಲ್ಲಪಾ."

ಕಾಕಾ ಹೇಳಿದ್ದು ಬರೀ ಸತ್ಯ. ದುರ್ಗೇಶನಿಗೆ ಕೇಳಿಸಿದ್ದು ಸೊಕ್ಕು. ಅವನು ಟ್ರ್ಯಾಕ್ಟರ್ ನಿಲ್ಲಿಸಿ, ತೋಳು ಮೇಲೇರಿಸುತ್ತ ಇಳಿದು ಬಂದ. ಆದರೆ ನಾಲ್ಕು ಹೆಜ್ಜೆ ಬರುವಷ್ಟರಲ್ಲಿ ದುರ್ಗೇಶನ ಕಣ್ಣು ಬಾನೆಟ್ಟಿನ ಮೇಲೆ ಬಿತ್ತು. ಅಲ್ಲಿಂದ ದೀಪಕ್ಕೆ, ದೀಪದಿಂದ ಬಾಗಿಲಿಗೆ ಹೋಯಿತು. ಅವನು ಗಾಡಿಯ ಸುತ್ತ ಪೂರ್ತಿ ಒಂದು ಸುತ್ತು ಬಂದ, ದೇವರ ಗುಡಿಗೆ ಬಂದಂತೆ.

"ಇದಕ್ಕ ಬಣ್ಣ ಯಾರು ಹೊಡದ್ರಿ?"

"ನಾನ ಹೊಡದೇನ್ರಿ."

ದುರ್ಗೇಶ ಮೇಲೇರಿಸಿದ್ದ ತೋಳು ಇಳಿಸಿಕೊಂಡ. "ನೀವು ಹಿಂದ ಸರೀಬ್ಯಾಡ್ರಿ," ಎಂದ ಕೊನೆಗೆ. "ಇಂಥಾ ಗಾಡಿ ಹಿಂದ ಸರೀಬಾರದು." ಹಾಗೆಂದು ಹೋಗಿ, ಹೇರು ತುಂಬಿದ ಟ್ರಾಲಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸುತ್ತ, ಎರಡು ಕಂಬ ಒಂದು ಕಟ್ಟೆ ಉಳಿಸಿಕೊಂಡು, ಇಡೀ ಓಣಿಯುದ್ದ ಹಿಂದಕ್ಕೆ ತೆಗೆದುಕೊಂಡು ಹೋದ. ಕಾಕಾ ಮೀಸೆ ತಿರುವಿದರು.

ಕೆರೆ ಬಂತು. ಆದರೆ ಕಾಕಾ ಹೇಳಿದ ಬಯಲು ಬಯಲಾಗಿ ಉಳಿದಿರಲಿಲ್ಲ. ಅಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದು, ಶಾಮಿಯಾನ, ಕುರ್ಚಿ, ಧ್ವನಿವರ್ಧಕ ಎಲ್ಲ ತುಂಬಿದ್ದವು. ಹಿಂದೆ ಎರಡು ಆಟೋಗಳು ಹಾರ್ನು ಹೊಡೆಯತೊಡಗಿದವು.

"ಎಡಕ್ಕ ಇಳಿಸು," ಎಂದರು ಕಾಕಾ. "ಅಲ್ಲಿ ಜಾಗ ಐತಿ."

ಅಲ್ಲಿದ್ದದ್ದು ಎಮ್ಮೆ ಮೈ ತೊಳೆಯುವ ಇಳಿಜಾರು. ತಿರುಗಿಸಬಹುದೆಂದು ಗುರುಪಾದ ಹೊರಳಿಸಿದ. ಅರ್ಧ ಹೊರಳುವಷ್ಟರಲ್ಲಿ ನೆಲ ಮುಗಿದು ನೀರು ಶುರುವಾಯಿತು. ಎರಡೂ ಬ್ರೇಕು ಜಗ್ಗಿದ. ಮುಂದಿನ ಗಾಲಿಗಳು ನೀರಿಗೆ ಒಂದು ಗೇಣು ಇರುವಾಗ ಗಾಡಿ ನಿಂತಿತು. ಎಡಕ್ಕೆ ಬಂಡೆ, ಬಲಕ್ಕೆ ಬೇವಿನ ಮರ, ಮುಂದೆ ಕೆರೆ. ಎಮ್ಮೆಯೊಂದು ಹತ್ತಿರ ಬಂದು, ಬಂಪರಿನಲ್ಲಿ ತನ್ನ ಮುಖ ಕಂಡು, ಅಲ್ಲೇ ನಿಂತುಬಿಟ್ಟಿತು.

ಐದೇ ನಿಮಿಷದಲ್ಲಿ ಕ್ರಿಕೆಟ್ಟು ಬಿಟ್ಟು ಜನ ಇತ್ತ ಬಂದರು. ದಂಡೆಯ ಮೇಲೆ ಗಿರಮಿಟ್ ಮಾರುವ ದಾವಲಬಿ ಮಂಡಕ್ಕಿ ಕಲಸುವುದನ್ನು ನಿಲ್ಲಿಸಿ ಬಂದಳು. ಎಲ್ಲರೂ ನೋಡಿದರು, ಮೆಚ್ಚಿದರು. "ಏನ್ ಕಳೀ ಐತ್ರಿ," ಎಂದಳು ದಾವಲಬಿ. "ಮದಿಮಗಳ ಗತೆ ಕಾಣ್ತೈತಿ." ಆದರೆ ನೂಕುವುದಕ್ಕೆ ಯಾರೂ ಮುಂದೆ ಬರಲಿಲ್ಲ. ಅಷ್ಟು ಚಂದದ ಬಣ್ಣಕ್ಕೆ ಕೈ ಹಚ್ಚಲು ಎಲ್ಲರಿಗೂ ಸಂಕೋಚ. ಕೊನೆಗೆ ಆರು ಜನ ಮುಂದಾದಾಗ ಗುರುಪಾದನೇ ಅಡ್ಡ ಬಂದ.

"ಕೈ ತೊಳಕೊಂಡ್ ಬರ್ರಿ."

ಅವರು ಕೆರೆಯಲ್ಲಿ ಕೈ ತೊಳೆದು ಬಂದರು.

"ಒರಸ್ಕೋರಿ. ನೀರಿನ ಕಲಿ ಬೀಳತಾವ."

ಒರೆಸಿಕೊಂಡು, ಉಂಗುರವಿದ್ದವರು ಉಂಗುರ ತೆಗೆದು, ಗುರುಪಾದ ಕೈಬ್ರೇಕು ಬಿಡಿಸಿದ ಕೂಡಲೇ ಆರೂ ಜನ ಮುಂದಿನಿಂದ ಕೂಸಿಗೆ ಎಣ್ಣೆ ಹಚ್ಚುವ ಹಾಗೆ ಹಗುರಾಗಿ ನೂಕಿದರು. ಶೇವಂತೆವ್ವ ಇಳಿದಿದ್ದರೆ ಭಾರವಾದರೂ ಕಡಿಮೆಯಾಗುತ್ತಿತ್ತು. "ಇಳದ್ರ ಮತ್ತ ಈ ಜಾಗಾ ಸಿಗೂದಿಲ್ಲ," ಎಂದು ಅವಳು ಕದಲಲಿಲ್ಲ. ಕಾಕಾ ಕೂಡ ಒಳಗೇ ಕೂತು "ಹೈಸಾ" ಹೇಳುವ ಹೊಣೆ ಹೊತ್ತರು. ಗಾಡಿ ಒಂದು ಮೊಳ ಮೇಲೇರಿತು. ಆರು ಜನರೂ ಒಟ್ಟಿಗೇ ಉಸಿರು ಬಿಟ್ಟರು. ಗಾಡಿ ಎರಡು ಮೊಳ ಕೆಳಗಿಳಿದು, ಮುಂದಿನ ಗಾಲಿಗಳು ಬಳಕ್ ಎಂದು ನೀರಿಗೆ ಬಿದ್ದವು.

ಗುರುಪಾದ ಹಾರಿ ನೀರಿಗಿಳಿದು, ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಬಂಪರಿಗೆ ಎರಡೂ ಕೈ ಕೊಟ್ಟು ತಡೆದ. ಮೂರು ವರ್ಷದ ಕೆಲಸ ಅವನ ಅಂಗೈ ಮೇಲೆ ವಾಲಿತ್ತು. ಕೆಸರು ಒಂದಿಷ್ಟು ಜಾರಿದರೆ ಸಾಕು. ಸೀಟು, ಹೊಲಿಗೆ, ಕೆನೆಬಣ್ಣ ಎಲ್ಲ ಕೆರೆಯ ಪಾಲು. ಹಿಂದಿನ ಗಾಲಿಗೆ ಯಾರೋ ಕಲ್ಲು ಕೊಟ್ಟರು. ಅದೂ ಮೆಲ್ಲಗೆ ಜರುಗತೊಡಗಿತು.

ಆಗ ಮಂದಾಕಿನಿ ಬಾಗಿಲು ತೆಗೆದು ಇಳಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸುತ್ತು ಹಾಕಿ ಬಂದು ಚಾಲಕನ ಸೀಟಿನಲ್ಲಿ ಕೂತಳು. ಕಾಕಾ, "ಅಯ್ಯ ತಂಗಿ, ನೀ ಅದಕ್ಕ ಕೈ..." ಎಂದರು.

"ಕಾಕಾ, ನೀವು ಸ್ವಲ್ಪ ಬಾಯಿ ಮುಚ್ಚಿ ಕುಂದರ್ರಿ."

ಮೂವತ್ತೈದು ವರ್ಷದಲ್ಲಿ ಈ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅವರು ಬಾಯಿ ಮುಚ್ಚಿದರು.

ಮಂದಾಕಿನಿ ಸೀಟನ್ನು ಒಂದು ಹಲ್ಲು ಮುಂದಕ್ಕೆ ಎಳೆದುಕೊಂಡಳು. ಗೇರಿನ ಹಿಡಿಯನ್ನು ಎರಡೇ ಬೆರಳಲ್ಲಿ ಒಂಚೂರು ಹೊರಗೆ ಜಗ್ಗಿ, ಅಲ್ಲೇ ತಡೆದು, ಮೆಲ್ಲಗೆ ಎತ್ತಿದಳು. ಎಲ್ಲೋ ಒಳಗೆ ಟಕ್ ಎಂದಿತು. ಎಂಜಿನ್ನು ಗುಡುಗಿತು. ಗುರುಪಾದನ ಅಂಗೈಯಿಂದ ಬಂಪರು ತಾನಾಗಿ ದೂರ ಸರಿಯಿತು. ಗಾಡಿ ಹಿಂದಕ್ಕೆ ಏರತೊಡಗಿತು. ಬಂಡೆಗೂ ಬೇವಿನ ಮರಕ್ಕೂ ನಡುವೆ ಸೊಟ್ಟಗೆ ನುಸುಳಿ, ದಾವಲಬಿಯ ಬಂಡಿಯನ್ನು ಒಂದು ಗೇಣಿನಲ್ಲಿ ತಪ್ಪಿಸಿ, ದಂಡೆಯ ಮೇಲೇರಿ, ರಸ್ತೆಗೆ ಮುಖ ಮಾಡಿ ನಿಂತಿತು. ಒಂದು ಗೀರೂ ಆಗಿರಲಿಲ್ಲ. ಜನ ಚಪ್ಪಾಳೆ ತಟ್ಟುವುದನ್ನೂ ಮರೆತಿದ್ದರು.

ಗುರುಪಾದ ಕೆಸರಿನ ಕಾಲಿನಲ್ಲೇ ಏದುಸಿರು ಬಿಡುತ್ತ ಹತ್ತಿ ಬಂದ.

"ನಿನಗ ಇದು ಎಲ್ಲಿಂದ ಬಂತ ಮಂದಾ?"

"ತವರೂರು ಸುಳ್ಳದಾಗ ನಮ್ಮಪ್ಪಂದು ಹತ್ತಿ ಯಾಪಾರ ಇತ್ತಲ್ರಿ. ಇಂಥಾದ ಗಾಡಿ ಇತ್ತು. ಹದಿನಾರು ವರ್ಷದಾಕಿ ಇದ್ದಾಗ ಹತ್ತಿ ಅಂಡಿಗಿ ನಡುವ ಅದನ್ನ ಹಿಂದ ಮುಂದ ಮಾಡಾಕಿ ನಾನ ಇದ್ದೆ."

"ಮೂರು ವರ್ಷ ಒಂದು ಮಾತು ಹೇಳಲಿಲ್ಲಲ್ಲ."

"ಯಾರು ಕೇಳಿದ್ರಿ?" ಎಂದಳು ಮಂದಾಕಿನಿ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವಳ ಕಣ್ಣು ರಸ್ತೆಯ ಮೇಲಿತ್ತು. ಎರಡೂ ಕೈ ಸ್ಟೀರಿಂಗಿನ ಮೇಲೆ, ಬಹಳ ದಿನಕ್ಕೆ ತವರಿಗೆ ಹೋದವಳು ಬಾಗಿಲ ಚೌಕಟ್ಟು ಹಿಡಿದು ನಿಂತ ಹಾಗೆ. "ನಿಮ್ಮ ಕಾಲು ಕೆಸರಾಗ್ಯಾವ. ಸೀಟು ಹೊಲಸಾಗ್ತೈತಿ. ತೊಳಕೋರಿ, ಅಷ್ಟರಾಗ ಒಂದು ಸುತ್ತು ಹೋಗಿ ಬರ್ತೇನಿ."

ಅವನು ನೀರಿನ ಕಡೆ ತಿರುಗುವಷ್ಟರಲ್ಲಿ ಗಾಡಿ ಹೊರಟುಹೋಯಿತು.

ಗುರುಪಾದ ಕಾಲು ತೊಳೆದ. ಪ್ಯಾಂಟು ಹಿಂಡಿಕೊಂಡ. ದಾವಲಬಿ ಕೊಟ್ಟ ಗಿರಮಿಟ್ ತಿಂದ. ಒಂದು ಸುತ್ತು ಆಯಿತು. ಗಾಡಿ ಅವನ ಮುಂದೆಯೇ ಹಾದು ಹೋಯಿತು, ನಿಲ್ಲಲಿಲ್ಲ. ಮಂದಾಕಿನಿ ಬಲಗೈ ಹೊರಗಿಟ್ಟಿದ್ದಳು, ಕೂದಲು ಗಾಳಿಗೆ ಹಾರುತ್ತಿತ್ತು. ಹಿಂದಿನ ಸೀಟಿನಿಂದ ಶೇವಂತೆವ್ವ ಅವನಿಗೆ ಕೈಬೀಸಿದಳು. ಎರಡನೆಯ ಸುತ್ತೂ ಹಾಗೆಯೇ ಹೋಯಿತು.

ಕೂಗಬೇಕೆಂದು ಬಾಯಿ ತೆರೆದವನು ಹಾಗೇ ನಿಂತ. ಮೂರು ವರ್ಷ ಅದರ ಅಡಿಯಲ್ಲಿ ಮಲಗಿದ್ದ, ಒಳಗೆ ತಲೆ ಹಾಕಿದ್ದ, ಈಗ ಒಂದು ತಾಸು ಒಳಗೆ ಕೂತು ಓಡಿಸಿಯೂ ಇದ್ದ. ಓಡುವಾಗ ಅದು ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ಮಾತ್ರ ನೋಡಿರಲಿಲ್ಲ. ಇಳಿಬಿಸಿಲಿನಲ್ಲಿ ಕೆನೆಬಣ್ಣ ಬಂಗಾರಕ್ಕೆ ತಿರುಗಿ, ಕೆರೆಯ ನೀರಿನಲ್ಲಿ ಇನ್ನೊಂದು ಗಾಡಿ ತಲೆಕೆಳಗಾಗಿ ಜೊತೆಗೇ ಓಡುತ್ತಿತ್ತು.

ಆಗಷ್ಟೇ ವಾಕಿಂಗಿಗೆ ಬಂದ ಹಿರಿಯರೊಬ್ಬರು ಅವನ ಪಕ್ಕದಲ್ಲಿ ನಿಂತು, ಅವನಂತೆಯೇ ನೋಡಿದರು.

"ಏನ್ ಗಾಡಿರಿ ಅದು. ಯಾರದಿದ್ದೀತು?"

"ನಂ..." ಎಂದು ತೊಡಗಿದ ಗುರುಪಾದ ರಸ್ತೆಯ ಕಡೆ ನೋಡಿದ. ಗಾಡಿ ಮೂರನೆಯ ಸುತ್ತಿಗೆ ತಿರುಗುತ್ತಿತ್ತು.

"ಓಡಸಾಕತ್ತಾರಲ್ರಿ, ಆ ಮೇಡಮ್ಮಾರದು," ಎಂದ.

"ಹೌದಾ? ಮತ್ತ ನೀವು?"

ಗುರುಪಾದ ತನ್ನ ಒದ್ದೆ ಪ್ಯಾಂಟು ನೋಡಿಕೊಂಡ.

"ನಾ ಅದನ್ನ ಒರಸಾಂವ್ರಿ."

ಹಿರಿಯರು ಗಾಡಿಯನ್ನು ಇನ್ನೊಮ್ಮೆ ನೋಡಿ, ಅವನ ಬೆನ್ನು ತಟ್ಟಿದರು.

"ಭಾಳ ಛಲೋ ಒರಸೀರಿ ಬಿಡ್ರಿ."