ಪೇಂಟರನ ಒಂದು ವಾರದ ಪಥ್ಯ

ತಪ್ಪೆಲ್ಲ ಷಡ್ಡಕನ ಹೆಗಲಿನದು. ಅದು ಅಷ್ಟು ಮೆತ್ತಗೆ ಇರದಿದ್ದರೆ ಪೇಂಟರನ ಸಂಸಾರ ಹೀಗೆ ಎರಡು ಮನೆಗೆ ಹಂಚಿಹೋಗುತ್ತಿರಲಿಲ್ಲ.

ಅಂಗಡಿಗಳಿಗೆ ಬೋರ್ಡ್ ಬರೆದು ಹೊಟ್ಟೆ ಹೊರೆಯುವ ಈ ಪೇಂಟರ್ ಹೆಂಡತಿ, ಮಗಳೊಡನೆ ಹೆಂಡತಿಯ ಅಕ್ಕನ ಮನೆಗೆ ಊಟಕ್ಕೆ ಹೊರಟವನು, ದಾರಿಯಲ್ಲಿ "ನೀವು ನಡೀತಿರಿ, ಬಂದೆ" ಎಂದು ಬಾರೊಂದರ ಒಳಹೊಕ್ಕ. ಒಂದರ ಬೆನ್ನಿಗೆ ಇನ್ನೊಂದು ಗ್ಲಾಸು ಇಳಿಸಿ, ತಡವಾಗಿ ಊಟದ ಮೇಜಿಗೆ ಬಂದು, ಪಕ್ಕದಲ್ಲಿ ಕೂತಿದ್ದ ಷಡ್ಡಕನ ಹೆಗಲಿಗೆ ತಲೆ ಆನಿಸಿ ನಿದ್ದೆಹೋದ. ಅಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ನಿದ್ದೆಗಣ್ಣಲ್ಲೇ ಷಡ್ಡಕನ ಕೆನ್ನೆ ಸವರಿ, "ಸಾಕು ಬಾರೇ, ದೀಪ ಆರಿಸು" ಎಂದುಬಿಟ್ಟ. ಷಡ್ಡಕನೋ ಪೊರಕೆಯಂಥ ಮೀಸೆಯ ದೊಡ್ಡ ಆಫೀಸರು. ಮೇಜಿನ ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಗದೆ ಉಳಿದವಳು ಪೇಂಟರನ ಹೆಂಡತಿ ಒಬ್ಬಳೇ.

ಮಾರನೆಯ ಬೆಳಗ್ಗೆ ಅವಳು ಬಾಗಿಲವರೆಗೆ ಬಂದು ಗಂಡನೊಬ್ಬನನ್ನೇ ಕಳಿಸಿದಳು. "ನಾನೂ ಮಗಳೂ ಇಲ್ಲೇ ಇರ್ತೀವಿ. ಒಂದು ವಾರ ಮುಟ್ಟದೆ ಇದ್ದು ತೋರಿಸಿ. ಡಾಕ್ಟ್ರು ಹೇಳಿದ ಹಾಗೆ ದಿನಾ ಬೆಳಗ್ಗೆ ಓಡಿ. ಆಮೇಲೆ ಬರೋ ಮಾತು."

"ಒಂದು ವಾರಾನಾ! ಅಷ್ಟೇನಾ!" ಎಂದು ಪೇಂಟರ್ ಎದೆ ತಟ್ಟಿಕೊಂಡು ಬಂದ. ಆದರೆ ಗಂಡನ ಎದೆಯ ಸದ್ದನ್ನು ನಂಬಿ ಕೂರುವಷ್ಟು ಪೆದ್ದಿಯಲ್ಲ ಅವಳು. ಅವನು ಮನೆ ಮುಟ್ಟುವುದರೊಳಗೆ ನೆರೆಯವರಿಬ್ಬರಿಗೆ ಫೋನ್ ಹೋಗಿತ್ತು. ಮೇಲಿನ ಮನೆಯ ನಿವೃತ್ತ ಮೇಷ್ಟ್ರಿಗೆ ಮೂಗಿನ ಕೆಲಸ: ದಿನಾ ಸಂಜೆ ಪೇಂಟರನ ಬಾಯಿ ಮೂಸಿ ನೋಡುವುದು. ಎದುರುಮನೆಯ ಟೈಲರಮ್ಮನಿಗೆ ಕಣ್ಣಿನ ಕೆಲಸ: ಅವನು ಓಡುತ್ತಾನೋ, ಮೂಲೆ ತಿರುಗಿ ಕಟ್ಟೆಯ ಮೇಲೆ ಕೂರುತ್ತಾನೋ ಎಂದು ನೋಡುವುದು. ಇಬ್ಬರಿಗೂ ಮಾಡಲು ಬೇರೆ ಘನಕಾರ್ಯವಿರಲಿಲ್ಲವಾದ್ದರಿಂದ ಈ ಹೊಣೆಯನ್ನು ಬಹಳ ಶ್ರದ್ಧೆಯಿಂದ ಹೊತ್ತುಕೊಂಡರು.

ಮೊದಮೊದಲು ಗಂಟಲು ಕೇಳಿತು. ಹೊತ್ತು ಇಳಿಯುತ್ತಿದ್ದಂತೆ ಕಾಲು ತಾನಾಗಿ ಬಾರಿನ ಬೀದಿಗೆ ತಿರುಗುತ್ತಿತ್ತು, ಬೈದು ವಾಪಸು ತರಬೇಕಾಗುತ್ತಿತ್ತು. ಎರಡು ಮೂರು ದಿನ ಕಳೆದ ಮೇಲೆ ಗಂಟಲು ಸುಮ್ಮನಾಯಿತು. ಆಗ ಶುರುವಾಯಿತು ನೋಡಿ ನಿಜವಾದ ಸಂಕಟ. ಇಷ್ಟು ವರ್ಷ ಅವನು ಅಮಲಿನಲ್ಲಿ ಮನೆಗೆ ಬರುತ್ತಿದ್ದ, ಬಿದ್ದುಕೊಳ್ಳುತ್ತಿದ್ದ. ಈಗ ಎಚ್ಚರದಲ್ಲಿ ಬಂದು ನೋಡಿದರೆ ಮನೆ ತುಂಬ ಅವಳು, ಆದರೆ ಅವಳಿಲ್ಲ. ಚಹಾ ಮಾಡಿದರೆ ಎರಡು ಲೋಟಕ್ಕೆ ಆಗುತ್ತಿತ್ತು. ಬಚ್ಚಲ ಕಿಟಕಿಯಲ್ಲಿ ಮಗಳ ಬಾಚಣಿಗೆ. ಮಂಚದಲ್ಲಿ ಅವಳ ಪಾಲಿನ ಜಾಗ ಬಿಟ್ಟು, ಇವನು ಅಂಚಿನಲ್ಲಿ ಜೋತುಬಿದ್ದು ಮಲಗುತ್ತಿದ್ದ. ನಿದ್ದೆ ಬರುತ್ತಿರಲಿಲ್ಲ. ಬೈಯುವವರಿಲ್ಲದ ಮನೆ ಇಷ್ಟು ದೊಡ್ಡದಿರುತ್ತದೆಂದು ಪಾಪ ಅವನಿಗೆ ಗೊತ್ತಿರಲಿಲ್ಲ.

ಅಂತೂ ಇಂತೂ ಕೊನೆಯ ದಿನ ಬಂತು. ಸಂಜೆ ಮೇಷ್ಟ್ರ ವರದಿ ಹೋಗಬೇಕು, ರಾತ್ರಿ ಊಟಕ್ಕೆ ಅವಳು ಮನೆಯಲ್ಲಿರಬೇಕು. ಪೇಂಟರ್ ಬೆಳಗ್ಗೆ ಕುಣಿಯುತ್ತಲೇ ಎದ್ದು ಓಡಲು ಹೊರಟ. ಆ ಉತ್ಸಾಹವೇ ಮುಳುವಾಯಿತು. ಬೀದಿಯ ತಿರುವಿನಲ್ಲಿ ಹಳೆಯ ಬೂಟಿನ ಅಟ್ಟೆ ಬಾಯಿ ಬಿಟ್ಟು, ಕಾಲು ಉಳುಕಿ, ದಬಕ್ಕನೆ ಬಿದ್ದ.

"ಅಯ್ಯೋ ಅಣ್ಣಾ, ಏನಾಯ್ತು!" ಟೈಲರಮ್ಮ ಕಿಟಕಿಯಿಂದಲೇ ಕೂಗಿದಳು.

"ಏನಿಲ್ಲ ಅಕ್ಕಾ, ಸ್ವಲ್ಪ ಕಾಲು..."

"ಅರ್ಧಕ್ಕೇ ನಿಲ್ಲಿಸಿದ್ರೆ ನಾನು ಓಡಿದ್ರು ಅಂತ ಹೇಗೆ ಹೇಳ್ಲಿ? ಸುಳ್ಳು ಹೇಳೋಕಾಗಲ್ಲಪ್ಪ ನಂಗೆ."

ಪೇಂಟರ್ ಹಲ್ಲು ಕಚ್ಚಿ ಎದ್ದು, ಕುಂಟುತ್ತಾ ಆ ಗೋಡೆಗೂ ಈ ಗೋಡೆಗೂ ಓಲಾಡುತ್ತಾ ಉಳಿದ ಸುತ್ತು ಮುಗಿಸಿದ. ಹಾಲಿನ ಡಬ್ಬ ಹಿಡಿದು ಬರುತ್ತಿದ್ದವನೊಬ್ಬ ನಿಂತು ನೋಡಿ, "ಬೆಳಬೆಳಗ್ಗೇನೇ ಶುರು ಹಚ್ಕೊಂಡ್ಯೇನಯ್ಯಾ?" ಎಂದು ನಕ್ಕು ಹೋದ. ಕಿಟಕಿಯಲ್ಲಿ ಟೈಲರಮ್ಮನ ಹುಬ್ಬು ಗಂಟಿಕ್ಕಿತು.

ಕೆಲಸಕ್ಕೆ ಹೋದರೆ ಅಲ್ಲಿ ಇನ್ನೊಂದು ಪರೀಕ್ಷೆ. ಹೊಸದಾಗಿ ಬಾಗಿಲು ತೆರೆಯುವ ಬಾರಿಗೆ ಬೋರ್ಡ್ ಬರೆಯಬೇಕು. ಒಪ್ಪಿಕೊಂಡದ್ದು ಹಿಂದಿನ ತಿಂಗಳು, ಆಗ ಇವನೂ ಹಳೆಯ ಪೇಂಟರನೇ ಆಗಿದ್ದ. ಅಕ್ಷರ ಬರೆದು ಮುಗಿಸಿದ. ಪಕ್ಕದಲ್ಲಿ ನೊರೆ ಉಕ್ಕುವ ಬಿಯರ್ ಗ್ಲಾಸಿನ ಚಿತ್ರ ಬಾಕಿ.

"ನೋಡಿದವ್ನು ನಾಲಿಗೆ ಚಪ್ಪರಿಸ್ಬೇಕು ಗುರುವೇ, ಹಂಗಿರಲಿ," ಎಂದ ಬಾರಿನ ಮಾಲೀಕ. ಹಾಗೆಂದವನು ಸುಮ್ಮನಿರದೆ ಒಂದು ಗ್ಲಾಸಿಗೆ ನಿಜವಾದದ್ದನ್ನೇ ಸುರಿದು, ಏಣಿಯ ಪಕ್ಕದ ಸ್ಟೂಲಿನ ಮೇಲೆ ತಂದಿಟ್ಟ. "ಇದನ್ನ ನೋಡ್ಕೊಂಡು ಬರಿ. ಬರೆದಾದ್ಮೇಲೆ ನಿಂದೇ."

"ಬೇಡ ಸ್ವಾಮಿ. ಬಿಟ್ಟಿದೀನಿ."

"ಯಾವಾಗಿಂದ?"

"ಒಂದು ವಾರದಿಂದ."

ಮಾಲೀಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದು ಬಿಟ್ಟಿರೋದಲ್ಲ ಗುರುವೇ, ಮರ್ತಿರೋದು! ರುಚಿ ನೋಡ್ದೆ ಬಣ್ಣ ಹೆಂಗೆ ಬರುತ್ತೆ? ಒಂದೇ ಒಂದು ಗುಟುಕು."

ಪೇಂಟರ್ ಮುಖ ತಿರುಗಿಸಿ ಏಣಿ ಹತ್ತಿದ. ಹಳದಿಗೆ ಒಂದಿಷ್ಟು ಕಂದು ಬೆರೆಸಿದ, ಬಿಸಿಲು ಬಿದ್ದ ಜೇನಿನ ಬಣ್ಣ ಬಂತು. ಮೇಲೆ ಬಿಳಿ ನೊರೆ ಎಳೆಯುತ್ತಿದ್ದ ಹಾಗೆ ಅವನಿಗೆ ಮದುವೆಯಾದ ಹೊಸತು ನೆನಪಾಯಿತು. ಆಗ ಅವನು ಕುಡಿಯುತ್ತಿದ್ದದ್ದು ಮನೆಯ ತಾರಸಿಯ ಮೇಲೆ, ಅದೂ ಅಪರೂಪಕ್ಕೆ. ಅವಳು ಎದುರಿಗೆ ಮಂಡಿ ಮಡಚಿ ಕೂತು ಊರ ಸುದ್ದಿಯೆಲ್ಲ ಹೇಳುತ್ತಿದ್ದಳು. ಒಂದು ಸಲ ಏನದು ನೋಡೇಬಿಡೋಣವೆಂದು ಅವನ ಗ್ಲಾಸಿನಿಂದ ಒಂದು ಗುಟುಕು ಕುಡಿದು, ಥೂ ಎಂದು ಉಗುಳಿ, ಮೇಲ್ತುಟಿಯ ಮೇಲೆ ನೊರೆಯ ಮೀಸೆ ಹೊತ್ತು ಕೂತು ನಕ್ಕಿದ್ದಳು. ಆ ತಾರಸಿಯಿಂದ ಅವನು ಬಾರಿಗೆ ಇಳಿದದ್ದು ಯಾವಾಗ? ಅವನು ಅಲ್ಲಿ ಒಬ್ಬನೇ ಕುಡಿಯುವುದು, ಅವಳು ಇಲ್ಲಿ ಒಬ್ಬಳೇ ಗೊಣಗುವುದು ಯಾವಾಗಿನಿಂದ ರೂಢಿಯಾಯಿತು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅವಳು ಬಂದ ಕೂಡಲೇ ತಾರಸಿಗೆ ಕರೆದುಕೊಂಡು ಹೋಗಬೇಕು, ಬರೀ ಚಹಾ ಹಿಡಿದು ಕೂರಬೇಕು, ಅವಳು ಹೇಳಿದ್ದನ್ನೆಲ್ಲ ಕೇಳಬೇಕು ಅಂದುಕೊಂಡ. ಕಣ್ಣು ಮಂಜಾಯಿತು. ಕಣ್ಣೊರೆಸಲು ಕೈ ಎತ್ತಿದ್ದೇ ತಡ, ಉಳುಕಿದ ಕಾಲು ಜಾರಿ, ಏಣಿ ವಾಲಿ, ಸ್ಟೂಲು ಉರುಳಿ, ಗ್ಲಾಸಿನಲ್ಲಿದ್ದದ್ದೆಲ್ಲ ಅವನ ಅಂಗಿಯ ಮೇಲೆ ಅಭಿಷೇಕವಾಯಿತು.

ಬಾರಿನ ಬಾಗಿಲಲ್ಲಿ, ಬಿಯರಿನಲ್ಲಿ ತೊಯ್ದು, ನೆಲದ ಮೇಲೆ ಕಾಲು ಚಾಚಿ, ಕಣ್ಣಲ್ಲಿ ನೀರು ತುಂಬಿಕೊಂಡು ಕೂತವನನ್ನು ಆ ಗಳಿಗೆಯಲ್ಲಿ ಯಾರು ನೋಡಬೇಕು? ಗುಂಡಿ, ದಾರ ಕೊಂಡು ಅದೇ ದಾರಿಯಲ್ಲಿ ಮರಳುತ್ತಿದ್ದ ಟೈಲರಮ್ಮನೇ ನೋಡಬೇಕು!

"ಅಣ್ಣಾ! ಕೊನೇ ದಿನ ಕೈ ಕೊಟ್ರಲ್ಲಾ!" ಎಂದು ಅವಳು ಬೀದಿಗೆಲ್ಲ ಕೇಳುವಂತೆ ಗೋಳಾಡಿದಳು. "ಬೆಳಗ್ಗೆ ಓಲಾಡ್ವಾಗ್ಲೇ ಅಂದ್ಕೊಂಡೆ. ನಡೀರಿ, ಮೇಷ್ಟ್ರ ಹತ್ರ ನಡೀರಿ!"

"ಇಲ್ಲ ಅಕ್ಕಾ, ಇದು ಒಳಗೆ ಹೋಗಿಲ್ಲ, ಮೇಲೆ ಬಿದ್ದಿರೋದು!"

"ಎಲ್ರೂ ಹಾಗೇ ಹೇಳೋದು."

ಎಲ್ಲರೂ ಹಾಗೆ ಹೇಳುತ್ತಾರೆಂದು ಟೈಲರಮ್ಮನಿಗೆ ಹೇಗೆ ಗೊತ್ತೋ, ನಮಗೆ ತಿಳಿಯದು. ಅಂತೂ ಕುಂಟುವವನನ್ನು ತೋಳು ಹಿಡಿದು ಎಳೆದು ತಂದು ಮೇಷ್ಟ್ರ ಮುಂದೆ ನಿಲ್ಲಿಸಿದಳು. ಮೇಷ್ಟ್ರು ಅವನ ಬಾಯಿಗೆ ಮೂಗು ತಂದು, ದೀರ್ಘವಾಗಿ ಉಸಿರೆಳೆದು, ಆಕ್ಷೀ ಎಂದು ಸೀನಿದರು. ಎರಡನೆಯ ಸಲವೂ ಸೀನೇ.

"ನೆಗಡಿ ಕಣಪ್ಪಾ. ನಿನ್ನೆ ರಾತ್ರಿಯಿಂದ ಮೂಗು ಕಟ್ಟಿ ಕೂತಿದೆ. ಈಗ ಸೀಮೆಎಣ್ಣೆ ತಂದಿಟ್ರೂ ಗೊತ್ತಾಗಲ್ಲ. ಏನೂ ವಾಸನೆ ಇಲ್ಲ ಅಂತ ನಾನು ಹೇಗೆ ಸಾಕ್ಷಿ ಹೇಳ್ಲಿ?"

"ಟೈಲರಮ್ಮ ನೋಡ್ಲಿ ಸಾರ್!"

"ಪರಗಂಡಸಿನ ಬಾಯಿ ನಾನ್ಯಾಕೆ ಮೂಸ್ಲಿ!" ಎಂದು ಟೈಲರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ನೆಟ್ಟಗೆ ನಡೆದು ತೋರಿಸೋಣವೆಂದರೆ ಕಾಲು ಉಳುಕಿದೆ. ಸಂಜೆಯಾಗುತ್ತ ಬಂದಿದೆ. ಅಲ್ಲಿ ಹೆಂಡತಿ ಬಟ್ಟೆ ಜೋಡಿಸಿಕೊಂಡು ಫೋನಿನ ಮುಂದೆ ಕೂತಿರಬೇಕು. ಪೇಂಟರ್ ಅತ್ತ ಇತ್ತ ನೋಡಿದ. ತಟ್ಟನೆ ಹೆಗಲಲ್ಲಿದ್ದ ಕೈಚೀಲದಿಂದ ಕುಂಚ, ಬಣ್ಣದ ಡಬ್ಬಿ ಹೊರತೆಗೆದ.

"ಸಾರ್, ಕುಡಿದ ಕೈಯಲ್ಲಿ ನನ್ನ ಗೆರೆ ನೆಟ್ಟಗೆ ಬರಲ್ಲ. ಅದು ಸುತ್ತಮುತ್ತಲ ಅಂಗಡಿಯವರಿಗೆಲ್ಲ ಗೊತ್ತು. ಈಗ ನೋಡಿ."

ಮೇಷ್ಟ್ರು "ಅಲ್ಲಪ್ಪಾ, ಇದು ಮೊನ್ನೆ ತಾನೆ ಸುಣ್ಣ ಹೊಡೆಸಿದ ಗೋಡೆ" ಎನ್ನುವಷ್ಟರಲ್ಲಿ ಕುಂಚ ಕೆಂಪು ಬಣ್ಣದಲ್ಲಿ ಅದ್ದಿ, ಗೋಡೆಯ ಆ ತುದಿಯಿಂದ ಹೊರಟಾಗಿತ್ತು. ಪೇಂಟರ್ ಉಸಿರು ಬಿಗಿಹಿಡಿದು, ಒಂದು ಕಾಲಲ್ಲಿ ಕುಂಟುತ್ತಲೇ ಈ ತುದಿಗೆ ಬಂದು ನಿಂತ. ಟೈಲರಮ್ಮ ದಾರದ ಉಂಡೆ ಬಿಚ್ಚಿದಳು, ಮೇಷ್ಟ್ರು ಅತ್ತ ತುದಿ ಹಿಡಿದರು. ಬಿಗಿದ ದಾರಕ್ಕೂ ಗೆರೆಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಭೇಷ್!" ಎಂದು ಮೇಷ್ಟ್ರು ತಮ್ಮ ಗೋಡೆಯ ದುಃಖ ಮರೆತು ಅವನ ಬೆನ್ನು ತಟ್ಟಿದರು. ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಣ್ಣಾ, ಸುಮ್ಸುಮ್ನೆ ಅನುಮಾನ ಪಟ್ಟೆ, ತಪ್ಪಾಯ್ತು" ಎಂದಳು.

"ಅದಿರ್ಲಿ ಅಕ್ಕಾ. ನೀವಿಬ್ರೂ ಒಂದು ಉಪಕಾರ ಮಾಡಿ," ಪೇಂಟರ್ ಕೈ ಮುಗಿದ. "ಅವಳಿಗೆ ಹೇಳುವಾಗ ಸ್ವಲ್ಪ... ಚೆನ್ನಾಗಿ ಹೇಳಿ."

ಇಬ್ಬರಿಗೂ ಅಷ್ಟೇ ಬೇಕಾಗಿತ್ತು. ಪೇಂಟರ್ ಸ್ನಾನ ಮಾಡುತ್ತಿದ್ದರೆ ಮೇಲಿನ ಮನೆಯಿಂದ ಮೇಷ್ಟ್ರ ಫೋನಿನ ಮಾತು ಬಚ್ಚಲವರೆಗೂ ಕೇಳುತ್ತಿತ್ತು. "ಒಂದು ತೊಟ್ಟು ಮುಟ್ಟಿಲ್ಲಮ್ಮ! ಮುಖ ನೋಡ್ಬೇಕು, ಫಳಫಳ ಹೊಳೀತಿದೆ. ಹತ್ತು ವರ್ಷ ಚಿಕ್ಕೋನಾಗಿದಾನೆ!" ಅದರ ಮೇಲೆ ಟೈಲರಮ್ಮನ ದನಿ: "ಓಡ್ತಾರೆ ಅಂದ್ರೆ, ಜಿಂಕೆ ಹಂಗೆ ಓಡ್ತಾರೆ ಕಣಮ್ಮ! ಏನು ಗೆಲುವು, ಏನು ಹಾಡ್ಕೊಳ್ಳೋದು! ಇಷ್ಟು ಖುಷಿಯಾಗಿ ನಾನು ಅವ್ರನ್ನ ಯಾವತ್ತೂ ನೋಡಿಲ್ಲ!" ಕೆಳಗೆ ಪೇಂಟರ್ ಸೋಪು ಹಚ್ಚಿಕೊಂಡ ಮುಖದಲ್ಲೇ ನಕ್ಕ. ಬೋರ್ಡಿಗೆ ಬಣ್ಣ ತುಂಬುವುದು ಅವನ ಕಸುಬು, ಆದರೆ ಇವರು ಅವನನ್ನೂ ಮೀರಿಸಿದ್ದರು.

ಮಡಿಸಿಟ್ಟಿದ್ದ ಒಳ್ಳೆಯ ಅಂಗಿ ಹಾಕಿಕೊಂಡ. ಮಂಚಕ್ಕೆ ಹೊಸ ಹೊದಿಕೆ ಹಾಸಿದ. ಚಹಾಕ್ಕೆ ನೀರು ಅಳೆದಿಟ್ಟ. ಬೀದಿಯಲ್ಲಿ ಯಾವ ಆಟೋ ನಿಂತರೂ ಬಾಗಿಲಿಗೆ ಓಡಿಬಂದ. ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು.

"ಎಲ್ಲಿದೀಯೇ? ಹೊರಟ್ಯಾ?"

"ಇಲ್ಲ ರೀ." ಎಂದಳು ಅವಳು. "ಮೇಷ್ಟ್ರು, ಟೈಲರಮ್ಮ ಎಲ್ಲಾ ಹೇಳಿದ್ರು. ಹಾಡ್ತಿದೀರಂತೆ."

"ಅದೂ... ಒಂಚೂರು."

"ನಾನು ಪಕ್ಕದಲ್ಲಿದ್ದು ಇಷ್ಟು ವರ್ಷ ಬೈದೆ, ಕಣ್ಣೀರು ಹಾಕ್ದೆ, ಉಪವಾಸ ಬಿದ್ದೆ. ಆಗ ಬಿಡೋಕಾಗ್ಲಿಲ್ಲ. ನಾನು ಆಚೆ ಹೋದ ತಕ್ಷಣ ಕುಡಿತ ಹೋಯ್ತು, ಮುಖಕ್ಕೆ ಕಳೆ ಬಂತು. ಹಾಗಾದ್ರೆ ನೀವು ಕುಡೀತಿದ್ದದ್ದು ಯಾರ ದೆಸೆಯಿಂದ? ನನ್ನ ದೆಸೆಯಿಂದ್ಲೇ ತಾನೆ?"

"ಏಯ್, ಏನ್ ಮಾತಾಡ್ತಿದೀಯೇ!"

"ಭಾವನೂ ಅದನ್ನೇ ಅಂದ್ರು. 'ನೀನಿಲ್ದೆ ಇದ್ರೆ ಅವನಿಗೆ ಒಗ್ಗುತ್ತೆ, ಇನ್ನಷ್ಟು ದಿನ ಇಲ್ಲೇ ಇರಮ್ಮ, ಆ ಜೀವ ಉಳೀಲಿ' ಅಂದ್ರು. ನನಗಂತೂ ಇಲ್ಲಿ ಕಣ್ಣು ಮುಚ್ಚಿದ್ರೂ ನಿದ್ದೆ ಬರಲ್ಲ. ಬಂದುಬಿಡೋಣ ಅಂತ ದಿನಾ ಅನ್ಸುತ್ತೆ. ಆದ್ರೂ ನೀವು ಚೆನ್ನಾಗಿರ್ಬೇಕಲ್ಲ." ಅವಳು ಮೂಗೊರೆಸಿಕೊಂಡ ಸದ್ದು ಕೇಳಿಸಿತು. "ಇನ್ನೊಂದು ತಿಂಗಳು ಇಲ್ಲೇ ಇರ್ತೀನಿ ರೀ."

ಪೇಂಟರ್ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನನಗೂ ನಿದ್ದೆಯಿಲ್ಲ, ಮಂಚದ ಅಂಚಿನಲ್ಲಿ ಮಲಗುತ್ತೇನೆ, ಎರಡು ಲೋಟ ಚಹಾ ಮಾಡುತ್ತೇನೆ ಎಂದ. "ನನ್ನ ಸಮಾಧಾನಕ್ಕೆ ಹೇಳ್ತೀರಿ, ಇಬ್ರು ಹಿರಿಯರು ಸುಳ್ಳು ಹೇಳ್ತಾರಾ?" ಎಂದಳು ಅವಳು. ಕೊನೆಗೆ ಅವನಿಗೆ ಉಳಿದದ್ದು ಒಂದೇ ದಾರಿ. ಗಂಟಲು ಸರಿಮಾಡಿಕೊಂಡು, ನಾಲಿಗೆ ದಪ್ಪ ಮಾಡಿಕೊಂಡು ಹೇಳಿದ:

"ಕೇಳಿಲ್ಲಿ. ನಾನು ಕುಡಿದಿದೀನಿ. ಇವತ್ತೇ, ಹೊಸ ಬಾರಲ್ಲಿ, ಹೊಟ್ಟೆ ತುಂಬ ಕುಡಿದಿದೀನಿ. ನೀನಿಲ್ದೆ ನನ್ ಕೈಲಿ ಆಗಲ್ಲ ಕಣೇ. ಬಾ."

 ಅತ್ತ ಕಡೆ ಅಳುವಿನ ನಡುವೆಯೇ ಅವಳು ನಕ್ಕಳು, ಬಹಳ ವರ್ಷಗಳ ಹಿಂದಿನ ಹಾಗೆ.

"ಕುಡಿದ ದಿನ ಒಂದು ಸಲಾನಾದ್ರೂ 'ಕುಡಿದಿದೀನಿ' ಅಂತ ನೀವು ಒಪ್ಕೊಂಡಿದ್ದುಂಟಾ? ಈಗಂತೂ ನನಗೆ ಪೂರ್ತಿ ನಂಬಿಕೆ ಬಂತು ರೀ. ಊಟ ಮಾಡಿ ಮಲ್ಕೊಳ್ಳಿ, ಬೆಳಗ್ಗೆ ಎದ್ದು ಓಡ್ಬೇಕು," ಎಂದು ಫೋನ್ ಇಟ್ಟಳು.