ಟಿವಿ ಗೇಮಿಗೆ ನಾನು ಕೊಟ್ಟ ನಾಲ್ಕು ಮಾರ್ಕ್ಸು

ಮಾರ್ಕ್ಸ್ ಕೊಡುವುದು ಒಂದು ಚಟ. ಎಲೆ ಅಡಿಕೆಯ ಚಟ ಇದ್ದವರು ಬಾಯಿ ಕೆಂಪಗೆ ಮಾಡಿಕೊಂಡು ತಾವಾಗಿಯೇ ಸಿಕ್ಕಿಬೀಳುತ್ತಾರೆ. ಮಾರ್ಕ್ಸ್ ಕೊಡುವ ಚಟದವರನ್ನು ಮಾತ್ರ ಜನ ಮಾಸ್ತರ ಎಂದು ಕರೆದು, ನಮಸ್ಕಾರ ಮಾಡಿ, ಮೇಲೆ ಪಗಾರ ಬೇರೆ ಕೊಡುತ್ತಾರೆ. ನಾನು ಗಜೇಂದ್ರಗಡದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಾಸ್ತರ. ಕೆಂಪು ಪೆನ್ನು ಹಿಡಿದು ಹಿಡಿದು ಎಂಥ ಗತಿ ಬಂದಿದೆಯೆಂದರೆ, ಮದುವೆ ಊಟಕ್ಕೆ ಕೂತರೂ ಬದನೆಕಾಯಿ ಪಲ್ಯಕ್ಕೆ ಏಳು, ಗೋಧಿ ಹುಗ್ಗಿಗೆ ಎಂಟೂವರೆ, ಬಡಿಸುವವನ ಮುಖಕ್ಕೆ ಮೂರು ಅಂತ ಮನಸ್ಸು ತನ್ನಷ್ಟಕ್ಕೆ ತಾನು ಎಣಿಸುತ್ತಿರುತ್ತದೆ. ನನ್ನ ಹೆಂಡತಿ ನೀಲಾ ಮಾಡಿದ ಸಾರಿಗೆ ಮಾತ್ರ ಯಾವಾಗಲೂ ಹತ್ತಕ್ಕೆ ಹತ್ತು. ಅಲ್ಲಿ ಅರ್ಧ ಮಾರ್ಕು ಕಡಿಮೆ ಕೊಟ್ಟರೂ ಮರುಮೌಲ್ಯಮಾಪನ ಆಗುವುದು ನನ್ನದು.

ಇಂಥ ಮನುಷ್ಯನಿಗೆ ಇನ್ನೊಂದು ಚಟ ಅಂಟಿಕೊಂಡರೆ ಏನಾಗುತ್ತದೆ ಎಂಬುದನ್ನು ಹೇಳುತ್ತೇನೆ, ಕೇಳಿ. ನಮ್ಮೂರ ಬಸ್ ಸ್ಟ್ಯಾಂಡಿನ ಹತ್ತಿರ ಆಗತಾನೆ ಇಂಟರ್ನೆಟ್ ಸೆಂಟರ್ ಶುರುವಾಗಿತ್ತು. ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಲು ಹೋದವನು, ರಿಸಲ್ಟ್ ಪೇಜು ತೆರೆಯದೇ ಇದ್ದಾಗ, ಬೇರೆ ಏನೋ ಒತ್ತಿ ಬೇರೆ ಎಲ್ಲಿಗೋ ಹೋಗಿಬಿಟ್ಟೆ. ಅಲ್ಲಿ ನೋಡಿದರೆ, ಹೊರದೇಶದ ದೊಡ್ಡ ದೊಡ್ಡ ಗಂಡಸರು ಹಳೆಯ ಟಿವಿ ಗೇಮುಗಳನ್ನು ಕೊಂಡು, ಗಾಜಿನಂಥ ಡಬ್ಬಿಯಲ್ಲಿ ಬಂದೋಬಸ್ತ್ ಮಾಡಿ, ಅದಕ್ಕೆ ಯಾರಿಂದಲೋ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಹಾಕಿಸಿ ಕಪಾಟಿನಲ್ಲಿ ಇಡುತ್ತಾರಂತೆ. ಆಡುವುದಿಲ್ಲ. ಆಡಿದರೆ ಬೆಲೆ ಇಳಿಯುತ್ತದೆ. ಮೇಲಿನ ಪ್ಲಾಸ್ಟಿಕ್ ಒಡೆಯದೇ ಇದ್ದದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಆಟವೂ ಬೇಡ, ಮಾರ್ಕ್ಸ್ ಮಾತ್ರ ಬೇಕು ಅನ್ನುವ ಈ ಪದ್ಧತಿ ನನಗೆ ಎಷ್ಟು ಹಿಡಿಸಿತೆಂದರೆ ರಿಸಲ್ಟ್ ನೋಡುವುದನ್ನೇ ಮರೆತು ಮನೆಗೆ ಬಂದೆ.

ಟಿವಿ ಗೇಮು ನೋಡದವರಿಗೆ ಒಂದು ಮಾತು. ನಾನು ಕಾಲೇಜಿಗೆ ಹೋಗುವ ಕಾಲಕ್ಕೆ ಅದು ನಮ್ಮ ಕಡೆ ಬಂತು. ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅದಕ್ಕೆ ಎರಡು ರಿಮೋಟು, ಮೇಲಿನಿಂದ ತುರುಕಲು ಒಂದು ಕ್ಯಾಸೆಟ್ಟು. ಟಿವಿಗೆ ಜೋಡಿಸಿದರೆ ಟ್ಯಾಂಕು ಓಡುತ್ತಿತ್ತು, ಗೋಡೆ ಒಡೆಯುತ್ತಿತ್ತು. ಚಿತ್ರ ನಡುಗಿದರೆ ಕ್ಯಾಸೆಟ್ಟು ಹೊರಗೆ ಕಿತ್ತು, ಅವ್ವ ಒಲೆ ಊದಿದಂತೆ ಅದರ ಬಾಯಿಗೆ ಉಫ್ ಅಂತ ಊದಬೇಕು. ಊದಿದರೆ ಯಾಕೆ ಸರಿಹೋಗುತ್ತದೆಂದು ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ, ಆದರೆ ಸರಿಹೋಗುತ್ತಿತ್ತು. ಆಮೇಲೆ ಸಿಡಿ ಬಂತು, ಕಂಪ್ಯೂಟರ್ ಬಂತು, ಆ ಪೆಟ್ಟಿಗೆಗಳೆಲ್ಲ ಅಟ್ಟ ಸೇರಿದವು, ಅಲ್ಲಿಂದ ಗುಜರಿಯವನ ಚೀಲ ಸೇರಿದವು. ನಾನು ಗುಜರಿಯವನ ಚೀಲಕ್ಕೆ ಕೈ ಹಾಕಲು ಶುರು ಮಾಡಿದ್ದು ಆಗ. ನನ್ನ ಜೊತೆಯ ಮಾಸ್ತರರೆಲ್ಲ ಪ್ಲಾಟು ಹಿಡಿಯುತ್ತಿದ್ದ ದಿನಗಳಲ್ಲಿ ನಾನು ಕ್ಯಾಸೆಟ್ಟು ಹಿಡಿದೆ.

ಒಬ್ಬನೇ ಹುಚ್ಚನಾದರೆ ಜನ ನಗುತ್ತಾರೆ, ಇಬ್ಬರಾದರೆ ಸಂಘ ಅನ್ನುತ್ತಾರೆ. ಫೋಟೋ ಸ್ಟುಡಿಯೋದ ವಿಠ್ಠಲ ನನ್ನ ಸಂಘದ ಇನ್ನೊಬ್ಬ ಸದಸ್ಯ. ಅವನು ಒಂದೊಂದು ಕ್ಯಾಸೆಟ್ಟನ್ನೂ ನೀಲಿ ಪರದೆಯ ಮುಂದೆ ಕೂಡಿಸಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತಿದ್ದ. ನಾನು ಭೂತಗನ್ನಡಿ ಹಿಡಿದು ಮಾರ್ಕ್ಸ್ ಹಾಕುತ್ತಿದ್ದೆ. ಎರಡನ್ನೂ ಸೇರಿಸಿ ಲ್ಯಾಮಿನೇಶನ್ ಮಾಡಿದರೆ ಸರ್ಟಿಫಿಕೇಟ್ ತಯಾರು. ನಮ್ಮ ಮೌಲ್ಯಮಾಪನಕ್ಕೆ ತತ್ವ ಇತ್ತು, ಇಲ್ಲ ಅನ್ನಬೇಡಿ. ವಿಠ್ಠಲನ ಕ್ಯಾಸೆಟ್ಟಿಗೆ ನಾನು ಒಂಬತ್ತು ಕೊಡುತ್ತಿದ್ದೆ, ನನ್ನದಕ್ಕೆ ಅವನು ಒಂಬತ್ತು ಕೊಡುತ್ತಿದ್ದ. ನೀ ನನಗಾದರೆ ನಾ ನಿನಗೆ. ನಮ್ಮ ಮಾಲಿನ ಮೇಲೆ ಕಲೆ ಇದ್ದರೆ ಅದು ವಯಸ್ಸಿನ ಕಳೆ, ಮಂದಿಯ ಮಾಲಿನ ಮೇಲಿದ್ದರೆ ಬರೀ ಕೊಳೆ. ಜಕ್ಕಲಿಯ ರೈತರೊಬ್ಬರು ಮನೆಯಲ್ಲಿ ಬಿದ್ದಿದ್ದ ಕ್ಯಾಸೆಟ್ಟು ತಂದು ತೋರಿಸಿದಾಗ ನಾನು ಮುಖ ಕಿವುಚಿ ಐದು ಅಂದೆ. ಪಾಪ, ಅವರು ಬಸ್ಸಿಗೆ ಲಗೂ ಹೋಗಬೇಕೆಂದು ಒಂದು ಟಾರ್ಚಿಗೆ ಬದಲು ಕೊಟ್ಟು ಹೋದರು. ಸಂಜೆ ನಮ್ಮ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಅದೇ ಕ್ಯಾಸೆಟ್ಟು ಎಂಟಾಯಿತು. ನಮ್ಮ ಓಣಿಯ ಹವಾ ಅಷ್ಟು ಚಲೋ ಇದೆ.

ನನ್ನ ಭಂಡಾರದಲ್ಲಿ ಒಂದೇ ಒಂದು ಮುಕುಟಮಣಿ ಇತ್ತು. ಮುಚ್ಚುತ್ತಿದ್ದ ಒಂದು ಗಡಿಯಾರದ ಅಂಗಡಿಯಲ್ಲಿ ಸಿಕ್ಕದ್ದು. ಪೂರ್ತಿ ಸೆಟ್ಟು, ಡಬ್ಬಿಯ ಸಮೇತ, ಮೇಲಿನ ಪ್ಲಾಸ್ಟಿಕ್ ಒಡೆಯದೇ ಇದ್ದದ್ದು! ಡಬ್ಬಿಯ ಮೇಲೆ ಒಂದು ರಾಕೆಟ್ಟು, ಅದರ ಮೇಲೆ ಕೂತು ನಗುವ ಇಬ್ಬರು ಮಕ್ಕಳು, ಕೆಳಗೆ ಲಕ್ಷ ಆಟಗಳಿವೆ ಎಂಬ ಶುದ್ಧ ಸುಳ್ಳು. ಅದು ಹುಟ್ಟಿನಿಂದಲೇ ನಕಲಿ ಮಾಲು ಎಂಬುದು ನನಗೂ ಗೊತ್ತು. ನಮ್ಮ ಕಡೆ ಬಂದ ಟಿವಿ ಗೇಮುಗಳೆಲ್ಲ ನಕಲಿಯೇ. ಆದರೆ ಇದು ಆ ಕಾಲದ ಅಸಲಿ ನಕಲಿ, ಈಗಿನ ನಕಲಿ ಅಲ್ಲ. ರೋಣ, ನರಗುಂದ, ಗಜೇಂದ್ರಗಡ ಮೂರೂ ಊರು ಜಾಲಾಡಿದರೂ ಇನ್ನೊಂದು ಸಿಗಲಾರದು ಎಂದು ವಿಠ್ಠಲ ಸರ್ಟಿಫಿಕೇಟಿನಲ್ಲಿ ಬರೆದುಕೊಟ್ಟ. ಒಂಬತ್ತೂವರೆ ಮಾರ್ಕ್ಸು. ಅದನ್ನು ಧೂಳು, ಬಿಸಿಲು, ಇಲಿ ಯಾವುದೂ ತಾಗದ ಜಾಗದಲ್ಲಿ, ಅಂದರೆ ನೀಲಾಳ ಟ್ರಂಕಿನಲ್ಲಿ, ಸೀರೆಗಳ ಅಡಿಗೆ ಇಟ್ಟೆ. ಮತ್ತೆ ತೆಗೆದು ನೋಡಲಿಲ್ಲ. ಗಾಳಿಯಾಡಿದರೆ ಮಾರ್ಕ್ಸ್ ಇಳಿದೀತೆಂಬ ಹೆದರಿಕೆ. ದಿನ ಕಳೆದಂತೆ ಅದರ ಮುಖ ಮರೆತು ಮಾರ್ಕ್ಸ್ ಮಾತ್ರ ನೆನಪಿನಲ್ಲಿ ಉಳಿಯಿತು. ನನ್ನ ವಿದ್ಯಾರ್ಥಿಗಳ ವಿಷಯದಲ್ಲೂ ಹಾಗೇ ಆಗುತ್ತದೆ.

ಆ ಟ್ರಂಕಿನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ನಮ್ಮ ಕಡೆ ಮದುವೆ, ತೊಟ್ಟಿಲು, ವಾಸ್ತುಶಾಂತಿ, ಹೊಸ ಅಂಗಡಿ ಯಾವುದಕ್ಕೆ ಹೋದರೂ ಆಯೇರಿ ಮಾಡಬೇಕು, ಅಂದರೆ ಸೀರೆಯನ್ನೋ ಸಾಮಾನನ್ನೋ ಕೈಗಿಟ್ಟು ಬರಬೇಕು. ಬಂದ ಆಯೇರಿಯನ್ನು ಹೆಣ್ಣುಮಕ್ಕಳು ಒಂದೇ ನೋಟಕ್ಕೆ ಎರಡು ಭಾಗ ಮಾಡುತ್ತಾರೆ, ಉಡೂ ಸೀರಿ ಮತ್ತು ಕೊಡೂ ಸೀರಿ. ಉಡೂ ಸೀರಿಯ ಮಡಿಕೆ ಬಿಚ್ಚುತ್ತಾರೆ. ಕೊಡೂ ಸೀರಿಯ ಪ್ಲಾಸ್ಟಿಕ್ ಒಡೆಯುವುದಿಲ್ಲ, ಹುಳ ಹತ್ತದಂತೆ ಡಾಂಬರು ಗುಳಿಗೆ ಹಾಕಿ ಇಟ್ಟು ಮುಂದಿನ ಮನೆಗೆ ಸಾಗಿಸುತ್ತಾರೆ. ಅವರು ಅದರ ಮುಂದಿನ ಮನೆಗೆ. ಒಂದು ಕೊಡೂ ಸೀರಿ ಯಾರ ಮೈಯನ್ನೂ ಸೇರದೆ ಊರೂರು ಅಡ್ಡಾಡುತ್ತದೆ, ಕೆ.ಎಸ್.ಆರ್.ಟಿ.ಸಿ. ಪಾಸು ಮಾಡಿಸಿದ ಹಾಗೆ. ಕೊಟ್ಟವರಿಗೇ ತಿರುಗಿ ಕೊಟ್ಟರೆ ಮಾತ್ರ ಮಾನ ಹೋಯಿತು. ನೀಲಾ ಇದರಲ್ಲಿ ಒಮ್ಮೆಯೂ ತಪ್ಪಿದವಳಲ್ಲ. ನಾನು ಈ ಪದ್ಧತಿಯನ್ನು ಬಹಳ ಸಲ ಗೇಲಿ ಮಾಡಿದ್ದೆ. ಉಡದ ಸೀರೆ ಯಾತಕ್ಕೆ, ಎಂಥ ಮೂಢತನ ಅಂತ ಭಾಷಣ ಮಾಡಿ, ಭಾಷಣ ಮುಗಿಸಿ, ಆಡದ ಕ್ಯಾಸೆಟ್ಟು ಒರೆಸಲು ಹೋಗುತ್ತಿದ್ದೆ.

ಹೀಗಿರುವಾಗ ನರಗುಂದದಿಂದ ಕರೆ ಬಂತು. ಮಕ್ಬೂಲಸಾಬರು ಅಲ್ಲಿ ಸೀರೆ ಅಂಗಡಿ ಇಟ್ಟವರು. ಮಗ್ಗದ ಸೀರೆ ಒಯ್ಯಲು ವಾರವಾರ ಗಜೇಂದ್ರಗಡಕ್ಕೆ ಬರುತ್ತಾರೆ. ವಿಠ್ಠಲನ ಸ್ಟುಡಿಯೋದಲ್ಲಿ ನಮ್ಮ ಸರ್ಟಿಫಿಕೇಟ್ ನೋಡಿ, ನಮ್ಮ ಮನೆಯಲ್ಲೂ ಇಂಥದೊಂದು ಸಾಮಾನು ಬಂದು ಬಿದ್ದಿದೆ, ಸರ ಬಂದು ನೋಡಿ ಒಂದು ಮಾತು ಹೇಳಬೇಕು ಅಂದಿದ್ದರು. ರವಿವಾರ ಭೂತಗನ್ನಡಿ, ಮೆತ್ತನೆಯ ಬ್ರಷ್ಷು, ಇಸ್ತ್ರಿ ಅಂಗಿ ಎಲ್ಲ ಸಜ್ಜು ಮಾಡಿಕೊಂಡು ಹೊರಟೆ. ನೀಲಾಳಿಗೆ ಪೇಪರ್ ವ್ಯಾಲ್ಯುಯೇಶನ್ ಅಂತ ಹೇಳಿದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಅಂಗಡಿಯ ಹಿಂದೆಯೇ ಮನೆ. ಹೊರಸಿನ ಮೇಲೆ ಬಿಳಿ ಬಟ್ಟೆ ಹಾಸಿ ಡಬ್ಬಿ ಇಟ್ಟಿದ್ದರು. ಸುತ್ತಲೂ ಮೊಮ್ಮಕ್ಕಳು ಕೈಕಟ್ಟಿ ಕೂತಿದ್ದವು. ಮುಟ್ಟಿದರೆ ಕೈ ಮುರಿಯುತ್ತೇನೆ ಅಂತ ಅವುಗಳ ಅಜ್ಜಿ ಬೆಳಿಗ್ಗೆಯಿಂದ ಕಾವಲು ಕೂತಿದ್ದರಂತೆ. ಡಬ್ಬಿ ನೋಡಿದವನೇ ಅದರ ಮುಂದೆ ಕುಕ್ಕರಿಸಿದೆ. ರಾಕೆಟ್ಟು, ಇಬ್ಬರು ಮಕ್ಕಳು, ಲಕ್ಷ ಆಟ, ಒಡೆಯದ ಪ್ಲಾಸ್ಟಿಕ್. ನನ್ನದರಂಥದೇ ಇನ್ನೊಂದು! ಹೊಸ ಅಂಗಡಿ ತೆರೆದಾಗ ರೋಣದ ದೋಸ್ತರು ಆಯೇರಿ ಮಾಡಿದ್ದಂತೆ. ಯಾವ ದೋಸ್ತರು ಅಂತ ಒಂದು ಮಾತು ಕೇಳಿದ್ದರೆ ನನ್ನ ಜನ್ಮ ಉದ್ಧಾರ ಆಗುತ್ತಿತ್ತು. ಪೇಪರ್ ಯಾರ ಮನೆಯ ಮಗುವಿನದು ಅಂತ ಕೇಳಿ ರೂಢಿ ಇಲ್ಲದವನು, ಕೇಳಲಿಲ್ಲ.

"ಸರ, ಇದನ್ನ ಒಡೀಲ್ಯೋ, ಇಲ್ಲಾ ಮುಂದ ಯಾರಿಗಾರ ಕೊಡ್ಲ್ಯೋ?" ಅಂತ ಮಕ್ಬೂಲಸಾಬರು ಕೇಳಿದರು. "ನೀವು ಹ್ಯಾಂಗ ಹೇಳ್ತೀರಿ ಹಂಗ. ಕಿಮ್ಮತ್ತಿನ ಮಾಲಾದ್ರ ಹುಡುಗ್ರ ಕೈಯಾಗ ಕೊಟ್ಟು ಹಾಳ ಮಾಡೂದಿಲ್ಲರಿ."

ನಾನು ಭೂತಗನ್ನಡಿ ಕಣ್ಣಿಗೆ ಹಚ್ಚಿ ಯೋಚಿಸುವ ಹಾಗೆ ಮಾಡಿದೆ. ಖರೇ ಹೇಳಬೇಕೆಂದರೆ ಯೋಚಿಸಲು ಏನೂ ಇರಲಿಲ್ಲ. ಇದು ಒಳ್ಳೆಯ ಮಾಲು ಅಂದರೆ ಮೂರೂರಿಗೆ ಇಂಥವು ಎರಡಾಗುತ್ತವೆ, ನನ್ನ ಟ್ರಂಕಿನ ಮುಕುಟಮಣಿಯ ಮಣಿ ಉದುರುತ್ತದೆ. ಈ ಡಬ್ಬಿಯನ್ನು ಬದುಕಲು ಬಿಡಬಾರದು. ಮೂಗು ಹತ್ತಿರ ಒಯ್ದೆ. ಡಾಂಬರು ಗುಳಿಗೆಯ ವಾಸನೆ ಗಪ್ಪಂತ ಹೊಡೆಯಿತು. ಎರಡು ಮಾರ್ಕ್ಸ್ ಕಟ್. ಒಂದು ಮೂಲೆ ಒತ್ತಿ ಒಳಗೆ ಹೋಗಿತ್ತು. ಮತ್ತೆರಡು ಕಟ್. ಪ್ಲಾಸ್ಟಿಕ್ ಸ್ವಲ್ಪ ಸಡಿಲ ಅನ್ನಿಸಿತು, ಅನ್ನಿಸದಿದ್ದರೂ ಅನ್ನಿಸಿಕೊಂಡೆ. ಇನ್ನೆರಡು.

"ಹತ್ತಕ್ಕ ನಾಕು," ಅಂದೆ. "ಡುಪ್ಲಿಕೇಟ್ ಮಾಲು ಐತ್ರಿ. ಹಳೇ ಡಬ್ಬಿಗೆ ಯಾರೋ ಹೊಸಾ ಪ್ಲಾಸ್ಟಿಕ್ ಸುತ್ಯಾರ. ಮ್ಯಾಲ, ಇದನ್ನ ಮನ್ಯಾಗ ಇಟ್ಟವ್ರಿಗೂ ಇಡೂ ಬುದ್ಧಿ ಇಲ್ಲ."

ಸಾಬರು ಬೇಸರ ಮಾಡಿಕೊಂಡಾರು ಎಂದುಕೊಂಡಿದ್ದೆ. ಅವರ ಮುಖ ಅರಳಿತು. ಹಂಗಾರ ಒಡೀರಿ ಅಂತ ಮೊಮ್ಮಕ್ಕಳಿಗೆ ಹೇಳಿದ್ದೇ ತಡ, ಪ್ಲಾಸ್ಟಿಕ್ ಪರ್ರಂತ ಹರಿಯಿತು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಇನ್ನು ಮೂರೂರಿಗೆ ನನ್ನದೊಂದೇ. ಮಕ್ಕಳು ಟಿವಿಗೆ ಜೋಡಿಸಿದವು, ಚಿತ್ರ ಗಡಗಡ ನಡುಗಿತು, ಅವುಗಳ ಮುಖ ಬಾಡಿತು. ನನ್ನ ಕೈ ಕೇಳಬೇಕಲ್ಲ? ಕ್ಯಾಸೆಟ್ಟು ಕಿತ್ತು, ಬಾಯಿಗೆ ಹಿಡಿದು, ಉಫ್ ಅಂತ ಊದಿ ಹಾಕಿದೆ. ಟ್ಯಾಂಕು ಓಡಿತು. ಆ ಮನೆಯಲ್ಲಿ ಎದ್ದ ಗದ್ದಲ ಏನು ಹೇಳಲಿ! ಕಾವಲು ಕೂತಿದ್ದ ಅಜ್ಜಿಯೇ ಎಲ್ಲರಿಗಿಂತ ಮೊದಲು ರಿಮೋಟು ಕಸಿದುಕೊಂಡರು. ನಾನೂ ಒಂದು ಆಟ ಆಡಿದೆ, ಎಲ್ಲಕ್ಕಿಂತ ಸಣ್ಣ ಹುಡುಗಿಯ ಕೈಯಲ್ಲಿ ಸೋತೆ. ಬಹಳ ವರ್ಷದ ಮೇಲೆ ಆಡಿದ್ದು. ಸುಳ್ಳು ಯಾಕೆ ಹೇಳಲಿ, ಚಲೋ ಅನ್ನಿಸಿತು.

ಮಕ್ಬೂಲಸಾಬರು ಬಸ್ಸಿನವರೆಗೂ ಕಳಿಸಲು ಬಂದರು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ನಿಂತು ಸಂಕೋಚದಿಂದ ಅಂದರು, "ಫಸ್ಟ್ ಕ್ಲಾಸ್ ಮಾಲಿದ್ರ ನಿಮಗ ಕೊಟ್ಟು ಕಳಸಬೇಕಂತ ಮಾಡಿದ್ನಿರಿ ಸರ. ಕಿಮ್ಮತ್ತು ತಿಳದವ್ರ ಮನ್ಯಾಗ ಇರ್ಲಿ ಅಂತ. ಡುಪ್ಲಿಕೇಟ್ ನಿಮ್ಮಂಥವ್ರಿಗೆ ಹ್ಯಾಂಗ ಕೊಡೂದು?"

ರೋಣ ಬರುವವರೆಗೂ ನಾನು ಕೊಟ್ಟ ನಾಲ್ಕನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಒಂಬತ್ತು ಮಾಡುತ್ತಿದ್ದೆ. ರೋಣದಲ್ಲಿ ಒಂದು ಮಿರ್ಚಿ ಭಜಿ ತಿಂದ ಮೇಲೆ ಸಮಾಧಾನ ತಂದುಕೊಂಡೆ. ಹೋಗಲಿ, ನನ್ನದು ಇದೆಯಲ್ಲ. ಈಗ ಜೋಡಿಯೂ ಇಲ್ಲ, ಒಂಬತ್ತೂವರೆಯನ್ನು ಹತ್ತು ಮಾಡಲು ಅಡ್ಡಿಯಿಲ್ಲ. ವಿಠ್ಠಲನಿಗೆ ಹೊಸ ಸರ್ಟಿಫಿಕೇಟ್ ಮಾಡಲು ಹೇಳಬೇಕು ಅಂತ ಲೆಕ್ಕ ಹಾಕುತ್ತ ಮನೆಗೆ ಬಂದೆ.

ಮನೆಯಲ್ಲಿ ನೀಲಾ ಫೋನು ಕುಕ್ಕಿ ಇಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಫೋನು ರೋಣದ ಮಹಾದೇವಿಯದು, ನೀಲಾಳ ಚಿಕ್ಕಪ್ಪನ ಮಗಳು. ಅವಳ ವಾಸ್ತುಶಾಂತಿಗೆ ನೀಲಾ ಮಾಡಿದ ಆಯೇರಿಯನ್ನು ಮಹಾದೇವಿಯ ಗಂಡ ನರಗುಂದದ ದೋಸ್ತರ ಹೊಸ ಅಂಗಡಿಗೆ ಕೊಟ್ಟಿದ್ದರಂತೆ. ಆ ದೋಸ್ತರು ಇವತ್ತು ಫೋನು ಮಾಡಿ, ಸಿಟ್ಟಾಗಬೇಡ್ರಿ, ನೀವು ಕೊಟ್ಟದ್ದು ಡುಪ್ಲಿಕೇಟ್ ಅಂತ, ಮಕ್ಕಳು ಮಾತ್ರ ಭಾಳ ಖುಷಿಯಾಗ್ಯಾವ ಅಂದರಂತೆ. ಸ್ವಂತ ತಂಗಿಯಂಥವಳ ಮನೆಗೆ ಡುಪ್ಲಿಕೇಟ್ ಆಯೇರಿ ಮಾಡಿದೆಯಾ ಅಂತ ಮಹಾದೇವಿ ಅತ್ತು ಜಗಳ ಮಾಡಿದ್ದಳು.

"ಯಾವ ಆಯೇರಿ?" ಅಂದೆ.

"ಅದರಿ, ನನ್ನ ಟ್ರಂಕಿನ್ಯಾಗ ಒಡೀಲಾರದ ಬಿದ್ದಿತ್ತಲ್ಲ, ರಾಕೆಟ್ಟಿನ ಡಬ್ಬಿ," ಅಂದಳು ನೀಲಾ. "ಪ್ಲಾಸ್ಟಿಕ್ ಒಡದಿಲ್ಲ, ಒಂದು ದಿನ ಆಡಿಲ್ಲ. ಒಡೀಲಾರದ್ದು ಕೊಡೂ ಸಾಮಾನ ಅಲ್ಲೇನು? ಮೂಲಿ ಒಂದೀಟು ಟ್ರಂಕಿಗೆ ಒತ್ತಿತ್ತು, ಅಷ್ಟ. ಹೊಸಾ ಡಾಂಬರ ಗುಳಿಗಿ ಹಾಕಿ ಎಷ್ಟು ಜ್ವಾಕಿ ಮಾಡಿದ್ದೆ!"

ನಾನು ಅಲ್ಲೇ ಟ್ರಂಕಿನ ಮೇಲೆ ಕೂತೆ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಯಾವನೋ ನಮ್ಮೂರ ಮಾಸ್ತರನಂತ. ಭೂತಗನ್ನಡಿ ಹಿಡಕೊಂಡು ಹೋಗಿ, ಹತ್ತಕ್ಕ ನಾಕು ಮಾರ್ಕ್ಸ್ ಕೊಟ್ಟನಂತ. ಇಟ್ಟವ್ರಿಗೂ ಬುದ್ಧಿ ಇಲ್ಲ ಅಂದನಂತ. ನಮ್ಮ ಮನೀ ಮರ್ಯಾದಿ ಕಳದನಲ್ಲರೀ ಆ ಶ್ಯಾಣ್ಯಾ! ನಿಮಗ ಗುರ್ತಿನವ ಇದ್ದಾನು, ಹೋಗಿ ಒಂದ ಮಾತ ಕೇಳಿ ಬರ್ರಿ."

ಕೇಳಲೇಬೇಕು ಅಂತ ಚಪ್ಪಲಿ ಮೆಟ್ಟಿ ಹೊರಬಿದ್ದೆ. ಬಸ್ ಸ್ಟ್ಯಾಂಡಿನವರೆಗೆ ಹೋದೆ, ಒಂದು ಚಹಾ ಕುಡಿದೆ, ದಾರಿಯುದ್ದಕ್ಕೂ ಅವನನ್ನು ಕೇಳುತ್ತಲೇ ಇದ್ದೆ. ಆಸಾಮಿ ತುಟಿ ಬಿಚ್ಚಲಿಲ್ಲ. ತಿರುಗಿ ಮನೆಗೆ ಬಂದು, ಸಿಗಲಿಲ್ಲ ಅಂತ ಹೇಳಿದೆ. ಸಿಗ್ತಾನ ತಗೋರಿ, ಅಂಥವ್ರು ಎಲ್ಲಿಗೆ ಹೋಗ್ತಾರ ಅನ್ನುತ್ತ ನೀಲಾ ಊಟಕ್ಕೆ ಬಡಿಸಿದಳು. ಸಿಟ್ಟಿನ ಭರದಲ್ಲಿ ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು. ಹ್ಯಾಂಗಾಗೇದ ಅಂತ ಕೇಳಿದಳು. ಹತ್ತಕ್ಕೆ ಹತ್ತು ಅಂದೆ.