ಎರಡು ‘ಒಂದು’ಗಳ ಮತವನ್ನು ಒಪ್ಪದ ಎಣಿಕೆ ಯಂತ್ರದವರಿಗೆ

ಮಾನ್ಯ ಮತ ಎಣಿಕೆ ಯಂತ್ರದವರೇ,

ನೌರು ದ್ವೀಪದ ಬುವಾಡಾ ಕೆರೆಯ ದಂಡೆಯಿಂದ ತಿಮೊತಿ ದೆಬಾವೊ ಮಾಡುವ ಅನಂತ ವಂದನೆಗಳು. ನಾವೆಲ್ಲ ಕ್ಷೇಮ. ತಾವೂ ತಮ್ಮ ಎ.ಸಿ. ಕೋಣೆಯಲ್ಲಿ, ತಂತಿಗಳ ಸಂಸಾರದೊಡನೆ, ತಂಪಾಗಿ ಇದ್ದೀರೆಂದು ನಂಬಿದ್ದೇನೆ. ಈ ಪತ್ರದ ಸಂಗತಿಯನ್ನು ಮೊದಲು ಹೇಳಿದವರು ನನ್ನ ಚಿಕ್ಕಮ್ಮ ಐನಿಮೊಯಾ. ಹೇಳಿದ್ದು ಎಣಿಕೆ ಮುಗಿದ ಮರುದಿನ, ಭಾನುವಾರ, ಚರ್ಚಿನಿಂದ ಬಂದು ಅಂಗಳದಲ್ಲಿ ಹೂಮೀನು ಹೆಚ್ಚುತ್ತಾ ಕೂತಿದ್ದಾಗ. ನಾನು ಬರೆದು ತಿಳಿಸುವವನು ಮಾತ್ರ. ಬಹಿರಂಗವಾಗಿ ಏಕೆ ಬರೆದೆನೆಂದರೆ, ನಮ್ಮಲ್ಲಿ ಗುಟ್ಟಾಗಿ ಬರೆದದ್ದೂ ಮಧ್ಯಾಹ್ನದೊಳಗೆ ದ್ವೀಪ ಸುತ್ತಿ ಬರುತ್ತದೆ.

ಮೊದಲಿಗೆ ತಮ್ಮ ನಿಷ್ಠುರತೆಯನ್ನು ಹೊಗಳಲು ಅಪ್ಪಣೆಯಾಗಬೇಕು. ನಮ್ಮಲ್ಲಿ ವಿಮಾನ ಇಳಿಯುವಾಗ ರನ್‌ವೇ ದಾಟುವ ರಸ್ತೆಗೆ ಗೇಟು ಹಾಕುವವನು ಕೂಡ ತನ್ನ ಹೆಂಡತಿಯ ಅಣ್ಣ ಬಂದರೆ ಒಂದು ಕ್ಷಣ ತಡೆದು ಬಿಟ್ಟುಕೊಡುತ್ತಾನೆ. ತಾವು ಯಾರಿಗೂ ಬಿಟ್ಟುಕೊಡುವುದಿಲ್ಲ. ಮತಪತ್ರದಲ್ಲಿರುವ ಏಳು ಹೆಸರುಗಳಿಗೂ ಒಂದರಿಂದ ಏಳರವರೆಗೆ ನಂಬರು ಹಾಕಲೇಬೇಕು, ಒಂದು ನಂಬರು ಎರಡು ಸಲ ಬರಕೂಡದು. ‘ಒಂದು’ ಹಾಕಿಸಿಕೊಂಡವನಿಗೆ ಇಡೀ ಮತ, ‘ಎರಡು’ ಸಿಕ್ಕವನಿಗೆ ಅರ್ಧ, ‘ಮೂರು’ ಸಿಕ್ಕವನಿಗೆ ಮೂರನೇ ಒಂದು ಭಾಗ. ಹೀಗೆ ಇಳಿಯುತ್ತಾ ಹೋದರೂ, ಮುಖ ಕಂಡರಾಗದವನಿಗೂ ಮತದ ಏಳನೇ ಒಂದು ಭಾಗವನ್ನು ನಮ್ಮ ಕೈಯಿಂದಲೇ ಕೊಡಿಸುವ ತಮ್ಮ ಔದಾರ್ಯಕ್ಕೆ ಏನು ಹೇಳಲಿ. ಆ ಚೂರುಗಳನ್ನೆಲ್ಲ ಒಂದೂ ಬಿಡದೆ ಕೂಡಿಸಿ ತಾವು ಗೆದ್ದವನನ್ನು ಹೇಳುತ್ತೀರಿ.

ನಮ್ಮ ಕ್ಷೇತ್ರದ ಎರಡು ಸ್ಥಾನಗಳಲ್ಲಿ ಮೊದಲನೆಯದು ಹಳೆಯ ಸದಸ್ಯರಿಗೇ ಎಂಬುದು ಕೆರೆಯ ಮೀನಿಗೂ ಗೊತ್ತಿತ್ತು. ಉಳಿದ ಒಂದಕ್ಕೆ ನಾನೂ ನನ್ನ ತಮ್ಮ ರಾಯ್ಸ್ಟನ್ನನೂ ನಿಂತೆವು. ಅವನು ನನ್ನ ಇನ್ನೊಬ್ಬ ಚಿಕ್ಕಮ್ಮನ ಮಗ. ನಮ್ಮಿಬ್ಬರನ್ನೂ ಒಂದೇ ಚಾಪೆಯ ಮೇಲೆ ಮಲಗಿಸಿ ಸಾಕಿದವರು ಐನಿಮೊಯಾ ಚಿಕ್ಕಮ್ಮ. ನಾಮಪತ್ರ ಹಾಕಿದ ದಿನದಿಂದ ನಾವಿಬ್ಬರೂ ಅವರ ಮನೆಯ ಭಾನುವಾರದ ಊಟಕ್ಕೆ ಒಟ್ಟಿಗೆ ಕೂತಿಲ್ಲ. ಒಬ್ಬನು ಎದ್ದು ಹೋದದ್ದು ಕಂಡ ಮೇಲೆ ಇನ್ನೊಬ್ಬನು ಬರುವುದು. ಚಿಕ್ಕಮ್ಮ ಎರಡು ಸಲ ಒಲೆ ಹಚ್ಚಿ, ಯಾರ ಜೊತೆಯಲ್ಲೂ ನೆಮ್ಮದಿಯಾಗಿ ಉಣ್ಣದೆ ಸೊರಗುತ್ತಿದ್ದರು.

ತಮಗೆ ನೆನಪಿರುವಂತೆ, ‘ಒಂದು’ಗಳು ನನಗೇ ಹೆಚ್ಚು ಬಂದವು. ಆದರೆ ರಾಯ್ಸ್ಟನ್ ಯಾರ ಮನೆಯ ದೋಣಿ ಕೆಟ್ಟರೂ ಹೋಗಿ ರಿಪೇರಿ ಮಾಡಿಕೊಡುವ ಸ್ವಭಾವದವನಾದ್ದರಿಂದ, ಅವನಿಗೆ ‘ಒಂದು’ ಹಾಕಲಾಗದ ಜನರೆಲ್ಲ ಸಂಕೋಚಕ್ಕೆ ‘ಎರಡು’ ಹಾಕಿದ್ದರು. ಆ ಅರ್ಧ ಅರ್ಧ ಸಂಕೋಚಗಳನ್ನು ತಾವು ಕೂಡಿಸಿದಾಗ, ನಾನು ಒಂದು ಮತದ ಮೂರನೇ ಒಂದು ಭಾಗದಷ್ಟರಲ್ಲಿ ಸೋತಿದ್ದೆ. ಇಡೀ ಮನುಷ್ಯನಿಂದ ಸೋತಿದ್ದರೆ ದುಃಖಪಡಬಹುದಿತ್ತು. ಮನುಷ್ಯನ ಮೂರನೇ ಒಂದು ಭಾಗವನ್ನು ಎಲ್ಲಿ ಹುಡುಕಿ ಜಗಳವಾಡುವುದು?

ಇಷ್ಟಕ್ಕೇ ನಿಂತಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಎಣಿಕೆಯ ನಡುವೆ ಒಂದು ಮತಪತ್ರ ಸಿಕ್ಕಿತು. ಅದರಲ್ಲಿ ನನಗೂ ‘ಒಂದು’, ರಾಯ್ಸ್ಟನ್ನನಿಗೂ ‘ಒಂದು’. ತಮಗೆ ಉಣಿಸಿದಾಗ ತಾವು ಅದನ್ನು ಒಲ್ಲೆನೆಂದಿರಿ. ಅಧಿಕಾರಿಗಳು ಅದನ್ನು ಎತ್ತಿ ಹಿಡಿದು ನಮ್ಮ ಅಭಿಪ್ರಾಯ ಕೇಳಿದರು. ಇವನಿಗೆ ಇಡೀ ಮತ ಹೋದೀತೆಂದು ನಾನು ಎದ್ದು ನಿಂತೆ, ನನಗೆ ಹೋದೀತೆಂದು ಅವನು ಎದ್ದು ನಿಂತ. ಆ ಚುನಾವಣೆಯಲ್ಲಿ ನಾವಿಬ್ಬರೂ ಒಮ್ಮತದಿಂದ ಹೇಳಿದ್ದು ಅದೊಂದೇ ಮಾತು: ಈ ಮತ ಕಸದ ಬುಟ್ಟಿಗೆ. ಇದನ್ನು ಹಾಕಿದವರಿಗೆ ಎಣಿಸುವುದನ್ನು ಯಾರೂ ಕಲಿಸಲಿಲ್ಲವೇ ಎಂದು ನಾನು ನಗುತ್ತಾ ಸೇರಿಸಿದೆ. ಸಭಾಂಗಣವೂ ನಕ್ಕಿತು.

ಭಾನುವಾರ ಗೆದ್ದವನೂ ಸೋತವನೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಹೊತ್ತಿಗೆ ಚಿಕ್ಕಮ್ಮನ ಅಂಗಳಕ್ಕೆ ಬಂದುಬಿಟ್ಟೆವು. ನೆರೆಯವರೂ ಹತ್ತಾರು ಜನ ಸೇರಿದ್ದರು. ನಮ್ಮ ಕಿತ್ತಾಟ ಶುರುವಾಗಿ, ಚಿಕ್ಕಮ್ಮನ ‘ಒಂದು’ ಯಾರಿಗೆ ಎಂಬಲ್ಲಿಗೆ ಬಂದು ನಿಂತಿತು. ಚಿಕ್ಕಮ್ಮ ಕತ್ತಿ ಕೆಳಗಿಡಲಿಲ್ಲ.

“ಇಬ್ರಿಗೂ ಒಂದೇ ಹಾಕ್ದೆ ಕಣ್ರೋ,” ಅಂದರು. “ಎರಡು ಯಾರಿಗೆ ಹಾಕ್ಬೇಕಿತ್ತು, ನೀವೇ ಹೇಳಿ.”

“ಹಂಗೆ ಹಾಕಿದ್ರೆ ಓಟು ಹಾಳಾಗುತ್ತೆ ಚಿಕ್ಕಮ್ಮಾ,” ಎಂದ ರಾಯ್ಸ್ಟನ್, ದನಿ ಇಳಿಸಿ.

“ಇಷ್ಟು ವರ್ಷ ಮೀನು ನಿಮ್ಮಿಬ್ರಿಗೂ ಸಮ ಮಾಡಿ ಕೊಟ್ಟಿದೀನಿ. ಒಂದು ದಿನಾನೂ ಮೀನು ಹಾಳಾಗ್ಲಿಲ್ಲ,” ಎಂದು ಚಿಕ್ಕಮ್ಮ ಹೂಮೀನನ್ನು ತಲೆಯಿಂದ ಬಾಲದವರೆಗೆ ನಡುವೆ ಸೀಳಿದರು. ಆಮೇಲೆ ನನ್ನ ಕಡೆ ನೋಡಿ, “ಎಣ್ಸೋದು ಯಾರೂ ಕಲಿಸ್ಲಿಲ್ವಾ ಅಂದ್ಯಂತೆ. ನಿಂಗೆ ಕಲ್ಸಿದ್ದು ಯಾರೋ?” ಅಂದರು.

ನಾವಿಬ್ಬರೂ ಕೂತೆವು. ಒಂದೇ ಚಾಪೆಯ ಮೇಲೆ ಅರ್ಧ ಅರ್ಧ ಮೀನು ತಿಂದೆವು. ಚಿಕ್ಕಮ್ಮ ನಮ್ಮ ನಡುವೆ ಕೂತು, ಬಹಳ ದಿನಗಳ ನಂತರ, ಎರಡನೇ ಸಲ ಅನ್ನ ಬಡಿಸಿಕೊಂಡರು.

ಮಾನ್ಯರೇ, ಊಟದ ಮೇಲೆ ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಚಿಕ್ಕಮ್ಮ ನನಗೆ ‘ಒಂದು’, ಅವನಿಗೆ ‘ಎರಡು’ ಹಾಕಿದ್ದರೆ ನನಗೆ ಅರ್ಧ ಮತ ಮೇಲಾಗಿ, ಇವತ್ತು ನಾನು ಶಾಸನಸಭೆಯಲ್ಲಿ ಕೂತಿರುತ್ತಿದ್ದೆ. ಅವರು ಹಾಕಿದಂತೆಯೇ ಎರಡು ‘ಒಂದು’ಗಳನ್ನೂ ತಾವು ಒಪ್ಪಿದ್ದರೆ ಇಬ್ಬರಿಗೂ ಒಂದೊಂದು ಸೇರಿ, ನಾನು ಅದೇ ಮೂರನೇ ಒಂದು ಭಾಗದಲ್ಲಿ ಸೋಲುತ್ತಿದ್ದೆ. ಇದನ್ನು ಚೆನ್ನಾಗಿ ತಿಳಿದುಕೊಂಡೇ ನನ್ನ ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇನೆ. ಆ ಮತಪತ್ರವನ್ನು ಬುಟ್ಟಿಯಿಂದ ತೆಗೆಸಿ, ಸುಕ್ಕು ಬಿಡಿಸಿ, ಚಿಕ್ಕಮ್ಮ ಬರೆದಂತೆಯೇ ಎಣಿಸಿ, ನನ್ನನ್ನು ಇನ್ನೊಮ್ಮೆ, ಈ ಸಲ ಸರಿಯಾಗಿ, ಸೋಲಿಸಬೇಕು. ಮುಂದಿನ ಚುನಾವಣೆಯೊಳಗೆ ಮತವನ್ನು ಮೀನಿನ ಹಾಗೆ ಉದ್ದಕ್ಕೆ ಸೀಳುವುದನ್ನು ಕಲಿಯಬೇಕು; ಕಲಿಸಲು ಚಿಕ್ಕಮ್ಮ ಸಿದ್ಧರಿದ್ದಾರೆ, ಕತ್ತಿ ಅವರೇ ತರುತ್ತಾರೆ. ಕೊನೆಯದಾಗಿ, ತಮ್ಮನ್ನು ತಯಾರಿಸಿದವರಿಗೆ ಹೇಳಿ, ತಮಗೂ ಒಬ್ಬ ಚಿಕ್ಕಮ್ಮನನ್ನು ಜೋಡಿಸಿಕೊಳ್ಳಬೇಕು. ಅಲ್ಲಿಯವರೆಗೆ ತಮ್ಮ ಲೆಕ್ಕ ಸರಿಯಾಗಿಯೇ ಇರುತ್ತದೆ. ನನ್ನ ದೂರು ಇರುವುದೂ ಅದರ ಮೇಲೆಯೇ.

ಇಂತು, ಮೂರನೇ ಒಂದು ಭಾಗ ಕಡಿಮೆಯಾಗಿಯೂ ಎಂದೆಂದಿಗೂ
ತಮ್ಮ ವಿಶ್ವಾಸಿ,
ತಿಮೊತಿ ದೆಬಾವೊ

ಮರೆತಿದ್ದು: ಚಿಕ್ಕಮ್ಮನ ಆ ಮಾತನ್ನು ಅಂಗಳದಲ್ಲಿ ಕೂತು ಕೇಳಿದ ನೆರೆಯವರೆಲ್ಲ ಸೋಮವಾರ ಬೆಳಿಗ್ಗೆ ಒಬ್ಬೊಬ್ಬರಾಗಿ ನನ್ನ ಮನೆಗೆ ಬಂದು, ತಮ್ಮ ‘ಒಂದು’ ನನಗೇ ಹಾಕಿದ್ದಾಗಿ ಆಣೆ ಮಾಡಿ, ಚಹಾ ಕುಡಿದು, ಕೆರೆ ಬಳಸಿಕೊಂಡು ನೇರ ರಾಯ್ಸ್ಟನ್ನನ ಮನೆಗೆ ಹೋದರು. ನನ್ನ ಜಗಲಿಯಿಂದ ಅವನ ಬಾಗಿಲು ಚೆನ್ನಾಗಿ ಕಾಣುತ್ತದೆಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎಲ್ಲರೂ ಹೋದ ಮೇಲೆ ರಾಯ್ಸ್ಟನ್ನನೇ ಬಂದ. “ನನ್ನ ಎರಡು ನಿಂಗೇ ಹಾಕಿದ್ದೆ ಅಣ್ಣಾ,” ಅಂದ. ಅವತ್ತು ಬಂದವರಲ್ಲಿ ನಾನು ನಂಬಿದ್ದು ಅವನೊಬ್ಬನನ್ನೇ. ನಾನು ಅವನಿಗೆ ಹಾಕಿದ ನಂಬರು ತಮ್ಮ ಹೊಟ್ಟೆಯಲ್ಲಿದೆ. ಮೇಲಿನ ಬೇಡಿಕೆಗಳಲ್ಲಿ ಯಾವುದನ್ನು ನಡೆಸಿಕೊಡದಿದ್ದರೂ ಚಿಂತೆಯಿಲ್ಲ, ಅದೊಂದು ಅಲ್ಲಿಯೇ ಇರಲಿ.